ದೆವ್ವಕ್ಕೆ ಏನು ಬೇಕಂತೆ?

ಹೋದ ಅಕ್ಟೋಬರ್ ಕೊನೆಯಲ್ಲಿ ಆಫೀಸಿನ ಊಟದ ಹೊತ್ತಿಗೆ ದೆವ್ವದ ಮಾತು ಬಂತು. ಡಬ್ಲಿನ್‌ನಲ್ಲಿ ಆ ವಾರ ಬೇರೆ ಮಾತೇ ಇರುವುದಿಲ್ಲ. ಹ್ಯಾಲೋವೀನ್ ಹುಟ್ಟಿದ್ದೇ ನಮ್ಮಲ್ಲಿ ಅಂತ ಇಲ್ಲಿಯವರಿಗೆ ಒಂದು ಹೆಮ್ಮೆ. ಪಕ್ಕದಲ್ಲಿದ್ದ ಐರಿಶ್ ಗೆಳೆಯ, ನಿಮ್ಮ ಕಡೆ ದೆವ್ವ ಹೇಗಿರುತ್ತೆ ಅಂದ. ನಾನು ಹುರುಪಿನಿಂದ ಶುರು ಮಾಡಿದೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ, ಹುಣಸೆ ಮರ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಓದಿಕೊಂಡು ವಾಪಸ್ ಹೋಗುತ್ತೆ ಅಂದಾಗ ಎಲ್ಲರೂ ನಕ್ಕರು. ಅವನು ಮಾತ್ರ ನಗದೆ ಕೇಳಿದ: "ದಿನಾ ಬಂದು ಬಾಗಿಲು ತಟ್ಟುತ್ತಲ್ಲ, ಅದಕ್ಕೆ ಏನು ಬೇಕಂತೆ?"

ನನಗೆ ಉತ್ತರ ಹೊಳೆಯಲಿಲ್ಲ. ತಿಪಟೂರಿನ ನಮ್ಮ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಹಾಗೆ ಬರೆದವನೇ ನಾನು. ಏನು ಬೇಕು ಅಂತ ಆಗಲೂ ಯಾರೂ ಕೇಳಿರಲಿಲ್ಲ.

ಅವನೇ ಹೇಳಿದ, ಪೆನ್ನಿ ಡ್ರೆಡ್‌ಫುಲ್ ನೋಡು ಅಂತ. 2014ರಿಂದ 2016ರವರೆಗೆ ಬಂದ ಟೀವಿ ಸರಣಿ. ಮೂರು ಸೀಸನ್, ಒಟ್ಟು 27 ಕಂತು. ವಿಕ್ಟೋರಿಯಾ ರಾಣಿ ಕಾಲದಲ್ಲಿ ಒಂದು ಪೆನ್ನಿಗೆ ಸಿಗುತ್ತಿದ್ದ ಅಗ್ಗದ ಭಯಾನಕ ಕತೆ ಪುಸ್ತಕಗಳ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. 1891ರ ಲಂಡನ್ನಿನ ಕತೆ. ಹಳೇ ಕಪ್ಪು ಬಿಳುಪು ಸಿನಿಮಾದ ರಾಕ್ಷಸರೆಲ್ಲ ಒಂದೇ ಊರಿಗೆ ಬಂದು ಸೇರಿದ್ದಾರೆ. ರಕ್ತ ಕುಡಿಯುವ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಅನ್ನುವ ಡಾಕ್ಟರ್ ಹೆಣದಿಂದ ಕಟ್ಟಿ ಎಬ್ಬಿಸಿದ ಮನುಷ್ಯ, ಹುಣ್ಣಿಮೆಗೆ ತೋಳವಾಗುವವನು. ಜೊತೆಗೆ ವಯಸ್ಸೇ ಆಗದ ಡೋರಿಯನ್ ಗ್ರೇ. ಮೂರನೇ ಸೀಸನ್ನಿಗೆ, ಒಂದೇ ಮೈಯಲ್ಲಿ ಇಬ್ಬರಾಗುವ ಹಳೇ ಕತೆಯ ಡಾಕ್ಟರ್ ಜೆಕಿಲ್ ಕೂಡ ಬರುತ್ತಾನೆ. ಇಲ್ಲಿ ಅವನ ತಾಯಿ ಭಾರತದವಳು, ಅದಕ್ಕೇ ಲಂಡನ್ನಿನವರು ಅವನನ್ನು ಹತ್ತಿರ ಸೇರಿಸುವುದಿಲ್ಲ. ಹೊರನಾಡಿನಲ್ಲಿ ಇರುವ ನನಗೆ ಅವನ ಸಿಟ್ಟು ಸ್ವಲ್ಪ ಜಾಸ್ತಿಯೇ ಅರ್ಥವಾಯಿತು.

ಇನ್ನೊಂದು ಮಜಾ ಅಂದರೆ, ಆ ಲಂಡನ್ ಲಂಡನ್ನೇ ಅಲ್ಲ. ಚಿತ್ರೀಕರಣ ನಡೆದದ್ದು ಡಬ್ಲಿನ್‌ನಲ್ಲಿ, ಪಕ್ಕದ ಬ್ರೇ ಊರಿನ ಸ್ಟುಡಿಯೋದಲ್ಲಿ. ಡ್ರಾಕುಲಾ ಬರೆದ ಬ್ರಾಮ್ ಸ್ಟೋಕರ್ ಹುಟ್ಟಿದ್ದು ಇಲ್ಲಿಯ ಕ್ಲಾಂಟಾರ್ಫ್‌ನಲ್ಲಿ, 1847ರಲ್ಲಿ. ಡೋರಿಯನ್ ಗ್ರೇಯನ್ನು ಬರೆದ ಆಸ್ಕರ್ ವೈಲ್ಡ್ ಕೂಡ ಈ ಊರಿನವನೇ. ವೈಲ್ಡ್ ಹಿಂದೆ ಬಿದ್ದಿದ್ದ ಹುಡುಗಿಯನ್ನು 1878ರಲ್ಲಿ ಮದುವೆಯಾದವನು ಸ್ಟೋಕರ್. ನಮ್ಮೂರಿನ ಜಗಲಿ ಕಟ್ಟೆ ಸುದ್ದಿಯ ಹಾಗೇ ಇದೆ ಅಲ್ವಾ?

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಫ್ರಾಂಕೆನ್‌ಸ್ಟೈನ್ ಕಟ್ಟಿದ ಆ ಮನುಷ್ಯ. 1931ರ ಸಿನಿಮಾದಲ್ಲಿ ಬೋರಿಸ್ ಕಾರ್ಲಾಫ್ ಆ ವೇಷ ಹಾಕಿದಾಗ ಶುರುವಿನ ಹೆಸರುಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಆ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರು. ಅವನಿಗೆ ಮಾತೂ ಇಲ್ಲ, ಬರೀ ಗುರುಗುಟ್ಟುವುದು. 1818ರಲ್ಲಿ ಮೇರಿ ಶೆಲ್ಲಿ ಬರೆದ ಪುಸ್ತಕದಲ್ಲಿ ಅವನು ಮಿಲ್ಟನ್‌ನ ಕಾವ್ಯ ಓದುತ್ತಾನೆ, ತನ್ನ ಕಷ್ಟವನ್ನು ಪುಟಗಟ್ಟಲೆ ಹೇಳಿಕೊಳ್ಳುತ್ತಾನೆ. ಸಿನಿಮಾದವರು ಕಿತ್ತುಕೊಂಡ ನಾಲಿಗೆಯನ್ನು ಟೀವಿಯವರು ವಾಪಸ್ ಕೊಟ್ಟಿದ್ದಾರೆ. ಇಲ್ಲಿ ಅವನು ನಾಟಕ ಕಂಪನಿಯಲ್ಲಿ ಪರದೆ ಹಿಂದೆ ಕೆಲಸ ಮಾಡುತ್ತಾನೆ. ಪದ್ಯ ಹೇಳುತ್ತಾನೆ. ಕೂಲಿ ಕೆಲಸದ ಮನೆಯಿಂದ ಬಂದು ಕೊನೆಗೆ ಹುಚ್ಚಾಸ್ಪತ್ರೆಯಲ್ಲಿ ಸತ್ತ ಜಾನ್ ಕ್ಲೇರ್ ಅನ್ನುವ ನಿಜವಾದ ಕವಿಯ ಹೆಸರನ್ನು ತಾನೇ ಆರಿಸಿ ಇಟ್ಟುಕೊಳ್ಳುತ್ತಾನೆ. ತೋಳ ಮನುಷ್ಯನಿಗೂ ಹೀಗೇ, 1941ರ ಸಿನಿಮಾದ ಟಾಲ್ಬಟ್ ಅನ್ನುವ ಮನೆತನದ ಹೆಸರು ಸಿಕ್ಕಿದೆ. ಡ್ರಾಕುಲಾನೋ, ಮ್ಯೂಸಿಯಂನಲ್ಲಿ ಪ್ರಾಣಿಗಳ ಬಗ್ಗೆ ಪಾಠ ಮಾಡುವ ಮೆದು ಮಾತಿನ ಮೇಷ್ಟ್ರು. ಎಲ್ಲರಿಗೂ ಕೆಲಸ, ಬಾಡಿಗೆ ಮನೆ, ಒಂದು ಆಸೆ.

ನಮ್ಮ ಧಾರಾವಾಹಿ ನೆನಪಾಗಿ ಹೊಟ್ಟೆ ಉರಿಯಿತು. ನಮ್ಮ ದೆವ್ವಕ್ಕೆ ಇರುವುದು ಎರಡೇ ಕೆಲಸ, ಗಹಗಹಿಸುವುದು ಮತ್ತು ಸುಟ್ಟುಹೋಗುವುದು. ಮೈಮೇಲೆ ಬಂದಾಗ "ಯಾರು ನೀನು, ಹೇಳು" ಅಂತ ಬೇವಿನ ಸೊಪ್ಪಿನಲ್ಲಿ ಬಾರಿಸುತ್ತಾರೆ. ಅದು ಪೊಲೀಸ್ ಸ್ಟೇಷನ್ ವಿಚಾರಣೆ, ಮಾತುಕತೆ ಅಲ್ಲ. ಆರು ತಿಂಗಳು ಕಾಟ ಕೊಟ್ಟ ಮೇಲೆ ಕೊನೆಯ ವಾರ ಐದು ನಿಮಿಷ ಫ್ಲ್ಯಾಶ್‌ಬ್ಯಾಕ್. ಪಾಪ, ಅವಳಿಗೆ ಅನ್ಯಾಯವಾಗಿತ್ತು. ಅದು ಗೊತ್ತಾದ ಮೇಲೂ ನಿಂಬೆಹಣ್ಣು, ಕುಂಕುಮ, ಭಸ್ಮ. ಕೇಳುವ ತಾಳ್ಮೆ ನಮಗಿಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ದೀಪಾವಳಿ ಮುಗಿಸಿಕೊಂಡು ಅಮ್ಮ ಇಲ್ಲಿಗೆ ಬಂದಳು. ಅವಳ ತವರು ಕಾರ್ಕಳದ ಹತ್ತಿರ. ತಿಪಟೂರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ 'ಮಾರಾಯ' ಬಿಟ್ಟಿಲ್ಲ. ಹೊರಗೆ ನಾಲ್ಕೂವರೆಗೇ ಕತ್ತಲು, ಮಾಡಲು ಬೇರೆ ಕೆಲಸವಿಲ್ಲ. ನನ್ನ ಜೊತೆ ಮೂರನೇ ಸೀಸನ್ ನೋಡಲು ಕೂತಳು. ನಾನು ಪಕ್ಕದಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ.

"ಇದೆಂತ ದೆವ್ವ ಮಾರಾಯ, ಇಷ್ಟು ಮಾತಾಡ್ತದೆ?" ಅಂತ ಎರಡು ದಿನ ಗೊಣಗಿದಳು. ಮೂರನೇ ದಿನ ಗೊಣಗಾಟ ನಿಂತಿತು. ಫ್ರಾಂಕೆನ್‌ಸ್ಟೈನ್ ಕಟ್ಟಿದ ಆ ಮನುಷ್ಯನಿಗೆ ಹಿಂದಿನ ಬದುಕು ನೆನಪಾಗಿ ಹೆಂಡತಿ ಮಗನನ್ನು ಹುಡುಕಿಕೊಂಡು ಹೋಗುತ್ತಾನೆ. ಮಗ ಕ್ಷಯದಿಂದ ಸಾಯುತ್ತಾನೆ. ಹೆಂಡತಿ, ನಿನ್ನನ್ನು ಎಬ್ಬಿಸಿದವನ ಹತ್ತಿರ ಇವನನ್ನೂ ಒಯ್ದು ಎಬ್ಬಿಸು, ಇಲ್ಲದಿದ್ದರೆ ವಾಪಸ್ ಬರಬೇಡ ಅನ್ನುತ್ತಾಳೆ. ಅವನು ಮಗುವನ್ನು ಎತ್ತಿಕೊಂಡು ಹೋಗಿ ಥೇಮ್ಸ್ ನದಿಗೆ ಒಪ್ಪಿಸುತ್ತಾನೆ. ಎದ್ದು ಬರುವುದು ಎಂಥ ಶಿಕ್ಷೆ ಅಂತ ಅವನೊಬ್ಬನಿಗೇ ಗೊತ್ತು.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇದೇ ಸಮಯ ಅಂತ ನಾನು ಶುರು ಮಾಡಿದೆ. ನೋಡಮ್ಮ, ದೆವ್ವದ ಕಷ್ಟವನ್ನು ಇವರು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ನಮ್ಮವರಿಗೆ ಬರೀ ಓಡಿಸುವುದು ಗೊತ್ತು.

"ಕಲ್ಕುಡ ಎಂತ ಹಾಗಾದ್ರೆ?" ಅಂದಳು.

ನಾನು ಸುಮ್ಮನಾದೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಅವನೇ ಅಂತ ತುಳುವಿನ ಹಾಡುಗತೆ ಪಾಡ್ದನ ಹೇಳುತ್ತದೆ. 1432ರಲ್ಲಿ ನಿಂತ, 42 ಅಡಿಯ ಗೊಮ್ಮಟ. ಇಂಥದ್ದು ಇನ್ನೊಂದು ಕಡೆ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನು ಉಳಿದ ಕೈಯಲ್ಲೇ ವೇಣೂರಿನ ಗೊಮ್ಮಟನನ್ನು ಕಡೆದ. ತಂಗಿ ಕಲ್ಲುರ್ಟಿ ಅಣ್ಣನಿಗಾಗಿ ಸಿಡಿದೆದ್ದಳು. ಇಬ್ಬರೂ ದೈವವಾದರು, ವೇಷ ಕಟ್ಟಿ ಕುಣಿಯುವ ಕೋಲದಲ್ಲಿ ಪೂಜೆ ಪಡೆಯುತ್ತಾರೆ. ಅಜ್ಜನ ಮನೆಗೆ ಹೋದಾಗ ಆ ಕತೆ ಕೇಳುತ್ತಾ ಎಷ್ಟೋ ರಾತ್ರಿ ನಾನು ಚಾಪೆ ಮೇಲೆ ನಿದ್ದೆ ಹೋಗಿದ್ದೇನೆ.

"ಕೋಲದಲ್ಲಿ ಅವನೇ ಬಂದು ಮಾತಾಡುವುದಲ್ವಾ?" ಅಂದಳು ಅಮ್ಮ. "ನಾವು ಕೈಮುಗಿದು ಕೇಳುವುದಲ್ವಾ? ಬೆಳಗಾಗುವವರೆಗೆ ಕೂರ್ತೇವಲ್ಲ ಮಾರಾಯ. ನಿನ್ನ ಟೀವಿಯವರಿಗೆ ಗೊತ್ತಿಲ್ಲದಿದ್ರೆ ನಾನೇನು ಮಾಡ್ಲಿ?"

ಒಪ್ಪಿಕೊಳ್ಳಬೇಕಾಯಿತು. ಸಿಟ್ಟು ಧಾರಾವಾಹಿಯ ಮೇಲಿತ್ತು, ನಾನು ಅದನ್ನು ಇಡೀ ಊರಿನ ಮೇಲೆ ಹಾಕಿದ್ದೆ. ದೂರ ಬಂದವರಿಗೆ ಇದೊಂದು ಚಟ. ಹಾಗೆ ನೋಡಿದರೆ ನನ್ನ ಮೆಚ್ಚಿನ ಜಾನ್ ಕ್ಲೇರ್ ಸುಭಗನೇನೂ ಅಲ್ಲ. ಎರಡನೇ ಕಂತಿನಲ್ಲೇ, ತನ್ನ ಹಾಗೆಯೇ ಹುಟ್ಟಿದ ಒಬ್ಬ ಪಾಪದವನನ್ನು ಕೈಯಾರೆ ಸೀಳುತ್ತಾನೆ. ಚಂದದ ಮಾತಿಗೆ ಮರುಳಾಗಿ ಅದನ್ನು ಮರೆತೇಬಿಟ್ಟಿದ್ದೆ. ಸರಣಿಯ ಕೊನೆಯೂ ಅಷ್ಟಕ್ಕಷ್ಟೇ, ಬಸ್ಸು ತಪ್ಪುತ್ತೆ ಅನ್ನುವವರ ಹಾಗೆ ಗಡಿಬಿಡಿಯಲ್ಲಿ ಮುಗಿಸಿದ್ದಾರೆ. ಆದರೂ ಒಂದು ಮಾತು ಬಿಡಲಾರೆ. ಹಿಂದಿನವರಿಗೆ ಇದ್ದ ಆ ತಾಳ್ಮೆ ನಮ್ಮ ಟೀವಿಗೆ ಯಾಕೆ ಬರಲಿಲ್ಲ?

ಅಮ್ಮ ಹೊರಡುವ ಹಿಂದಿನ ದಿನ ಕ್ಲಾಂಟಾರ್ಫ್‌ಗೆ ಕರೆದುಕೊಂಡು ಹೋದೆ. ಅರ್ಧಚಂದ್ರದ ಆಕಾರದಲ್ಲಿ ಹಳೇ ಮನೆಗಳ ಸಾಲು, ಮುಂದೆ ಸಣ್ಣ ಪಾರ್ಕು. ಡ್ರಾಕುಲಾ ಬರೆದವನು ಹುಟ್ಟಿದ್ದು ಇಲ್ಲೇ ಅಂದೆ. ಅಮ್ಮ ಕೋಟಿನ ಮೇಲೆ ಶಾಲು ಬಿಗಿಮಾಡಿಕೊಂಡು ಒಂದು ಕ್ಷಣ ನೋಡಿದಳು.

"ಆ ರಕ್ತ ಕುಡಿಯುವವನಿಗೆ ಇಲ್ಲಿ ವರ್ಷಕ್ಕೊಮ್ಮೆ ಏನಾದ್ರೂ ಮಾಡ್ತಾರಾ?"

ಅಕ್ಟೋಬರ್ ಕೊನೆಗೆ ಸ್ಟೋಕರ್ ಹೆಸರಲ್ಲಿ ಹಬ್ಬ ಮಾಡ್ತಾರೆ, ಜನ ವೇಷ ಹಾಕಿಕೊಂಡು ಬೀದಿಗೆ ಬರ್ತಾರೆ ಅಂದೆ.

"ಹಾಗಾದ್ರೆ ತೊಂದರೆ ಇಲ್ಲ" ಅಂತ ಬಸ್ ಸ್ಟಾಪಿನ ಕಡೆ ನಡೆದಳು.