ಸಂಸ್ಕೃತಿ ಚೆನ್ನಾಗಿದೆ, ಆದ್ರೆ ಒದ್ದೆ ಜಾಸ್ತಿ

ಥಾಯ್ಲೆಂಡಿನಲ್ಲಿ ಬೀಡುಬಿಟ್ಟಿರುವ ಪರದೇಶಿಗಳಿಗೆ ವರ್ಷಕ್ಕೊಂದು ಸಲ ಒಂದು ಕಾಯಿಲೆ ಬರುತ್ತದೆ. ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್ 20ರ ಹೊತ್ತಿಗೆ ತಾನಾಗಿಯೇ ವಾಸಿಯಾಗುತ್ತದೆ. ಹನ್ನೊಂದು ತಿಂಗಳು "ಈ ಜನರ ನಗು ನೋಡಿ, ಇವರ ಸಂಪ್ರದಾಯ ನೋಡಿ, ನಮ್ಮೂರಲ್ಲಿ ಇದೆಲ್ಲ ಎಲ್ಲಿದೆ" ಎಂದು ಬಾಯ್ತುಂಬಾ ಹೊಗಳುತ್ತಿದ್ದ ಮನುಷ್ಯ ಇದ್ದಕ್ಕಿದ್ದ ಹಾಗೆ ಫ್ರಿಜ್ಜಿಗೆ ಹಾಲು, ಮೊಟ್ಟೆ, ಬ್ರೆಡ್ಡು, ಬಿಯರು ತುಂಬಿಸಿ, ಕಿಟಕಿ ಪರದೆ ಎಳೆದುಕೊಂಡು, "ಈ ಜನಕ್ಕೆ ಒಂಚೂರಾದ್ರೂ ಬುದ್ಧಿ ಬೇಡ್ವಾ" ಎನ್ನತೊಡಗುತ್ತಾನೆ. ಯುದ್ಧ ಘೋಷಣೆ ಆಯ್ತೇನೋ ಅಂದ್ಕೋಬೇಕು. ಬಂದಿರುವುದು ಥಾಯ್ ಹೊಸ ವರ್ಷ ಸೊಂಗ್‌ಕ್ರಾನ್, ಅಷ್ಟೇ.

ಸೊಂಗ್‌ಕ್ರಾನ್ ನಮಗೇನು ಹೊಸದಲ್ಲ. ಸೂರ್ಯ ಮೇಷ ರಾಶಿಗೆ ಕಾಲಿಡುವ ಲೆಕ್ಕದ ಹಬ್ಬ ಇದು. ತುಳುನಾಡಿನಲ್ಲಿ ಹೊಸ ವರ್ಷಕ್ಕೆ ಹಣ್ಣು ಹೂವು ಜೋಡಿಸಿ ಬಿಸು ಕಣಿ ಇಡುವ ಹೊತ್ತಿಗೇ ಇಲ್ಲಿ ಏಪ್ರಿಲ್ 13ರಿಂದ 15ರವರೆಗೆ ಹಬ್ಬ. ಬುದ್ಧನ ಮೂರ್ತಿಗೆ ಪರಿಮಳದ ನೀರು ಹಾಕುವುದು, ಮನೆಯ ಹಿರಿಯರ ಅಂಗೈ ಮೇಲೆ ಮಲ್ಲಿಗೆ ನೀರು ಬಿಟ್ಟು ಆಶೀರ್ವಾದ ಕೇಳುವುದು, ದೇವಸ್ಥಾನದ ಅಂಗಳದಲ್ಲಿ ಮರಳಿನ ಸ್ತೂಪ ಕಟ್ಟುವುದು. ಇಷ್ಟು ಮೆತ್ತಗಿನ ಹಬ್ಬ. ಯುನೆಸ್ಕೋದವರು 2023ರ ಡಿಸೆಂಬರಿನಲ್ಲಿ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ಅಂಗೈ ಮೇಲಿನ ಆ ನಾಲ್ಕು ಹನಿ ಹೇಗೋ ಬೆಳೆದು ಬೆಳೆದು ಬ್ಯಾಂಕಾಕಿನ ಸಿಲೋಮ್ ರಸ್ತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನೀರೆರಚುವ ಅಗ್ನಿಶಾಮಕ ದಳದ ಪೈಪ್ ಆಗಿದೆ. ಪಟ್ಟಿಗೆ ಸೇರಿದ್ದು ಹನಿಯೋ ಪೈಪೋ ಅಂತ ಯಾರೂ ಕೇಳಲಿಲ್ಲ.

ಮನೆಯಲ್ಲೇ ಇದ್ರೆ ಆಯ್ತಲ್ಲ ಅಂತೀರಾ? ಮೊದಲ ದಿನ ಇರುತ್ತಾರೆ. ಎರಡನೇ ದಿನ ಕಾಫಿಪುಡಿ ಮುಗಿಯುತ್ತದೆ. ಗಲ್ಲಿಯ ತುದಿಯಲ್ಲಿ ಸೆವೆನ್ ಇಲೆವೆನ್ ಇದೆ, ನೂರಿನ್ನೂರು ಹೆಜ್ಜೆ. ಆದರೆ ಗಲ್ಲಿಯ ಬಾಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಡ್ರಮ್ಮಿನ ಹಿಂದೆ ಇಡೀ ಒಂದು ಸಂಸಾರ. ಚಡ್ಡಿ ಹಾಕಿದ ಮೊಮ್ಮಗನ ಕೈಯಲ್ಲಿ ಅವನಷ್ಟೇ ಉದ್ದದ ಪಿಚಕಾರಿ ಗನ್ನು, ಮಾವನ ಕೈಯಲ್ಲಿ ಹೋಸ್ ಪೈಪು, ಪ್ಲಾಸ್ಟಿಕ್ ಕುರ್ಚಿ ಮೇಲೆ ಹೂಬಿಟ್ಟ ಅಂಗಿ ಹಾಕಿಕೊಂಡು ಕೂತ ಅಜ್ಜಿಯೇ ಸೇನಾಪತಿ. ಡ್ರಮ್ಮಿನೊಳಗೆ ಐಸ್ ಫ್ಯಾಕ್ಟರಿಯಿಂದ ತಂದ ಇಡೀ ಗಡ್ಡೆ ತೇಲುತ್ತಿದೆ. ನಮ್ಮ ಪರದೇಶಿ ಎರಡೂ ಕೈ ಎತ್ತಿ, ಹತ್ತು ವರ್ಷದಲ್ಲಿ ಕಲಿತ ಅಷ್ಟೂ ಥಾಯ್ ಭಾಷೆ ಬಳಸಿ, "ಮೈ ಆವ್, ಮೈ ಆವ್, ಬೇಡ ಕಣಪ್ಪಾ" ಎಂದು ಗೋಗರೆಯುತ್ತಾನೆ. ಎಲ್ಲರೂ ನಗುತ್ತಾರೆ. ಪಾಪ, ನಾಚಿಕೆ ಅಂದ್ಕೊಂಡಿರ್ತಾರೆ. ಒಂದು ಚೊಂಬು ಐಸ್ ನೀರು ಕುತ್ತಿಗೆಯ ಹಿಂದಿನಿಂದ ಬೆನ್ನಿಗೆ ಇಳಿಯುತ್ತದೆ. ಅವನು ಬಾಯಿ ತೆರೆದು ನಿಂತಿರುವಾಗಲೇ ಸೊಸೆ ಬಂದು, ಬಿಳಿ ಸೀಮೆಸುಣ್ಣದಂಥ ಹಿಟ್ಟನ್ನು ಎರಡೂ ಕೆನ್ನೆಗೆ ಬಹಳ ಮೃದುವಾಗಿ ಸವರಿ, ಕೈಮುಗಿದು ಹೊಸ ವರ್ಷದ ಶುಭಾಶಯ ಹೇಳುತ್ತಾಳೆ.

ಈಗ ಏನು ಮಾಡ್ತೀರಿ? ಬೈಯೋ ಹಾಗಿಲ್ಲ, ಆಶೀರ್ವಾದ ಮಾಡಿದ್ದಾರೆ. ಪ್ರಪಂಚದಲ್ಲಿ ಹಲ್ಲೆ ಮಾಡಿಸಿಕೊಂಡವನೇ ಥ್ಯಾಂಕ್ಸ್ ಹೇಳಬೇಕಾದ ಜಾಗ ಇನ್ನೊಂದಿಲ್ಲ. ತೊಪ್ಪೆಯಾದ ಬಟ್ಟೆಯಲ್ಲೇ ಅವನು ಅಂಗಡಿಯೊಳಗೆ ಹೋಗುತ್ತಾನೆ. ಹೊರಗೆ 38 ಡಿಗ್ರಿ, ಒಳಗೆ ಎ.ಸಿ. ಹಿಮಾಲಯದ್ದು. ಹಲ್ಲು ಕಟಕಟ ಅಂತಿರುವಾಗ ಕಾಫಿಪುಡಿಗೆ ಕೊಟ್ಟ ನೋಟು ಕೌಂಟರಿಗೆ ಅಂಟಿಕೊಳ್ಳುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ವಾಪಸ್ ಬರುವಾಗಲೂ ಅದೇ ಡ್ರಮ್ಮು, ಅದೇ ಅಜ್ಜಿ. ಕಾಫಿಪುಡಿಗೂ ಹೊಸ ವರ್ಷ.

ಇಲ್ಲಿ ಥಾಯ್ ಜನರ ಜಾಣತನ ಮೆಚ್ಚಬೇಕು. ಬ್ಯಾಂಕಾಕಿನ ಅರ್ಧ ಜನ ಆ ವಾರ ಬ್ಯಾಂಕಾಕಿನಲ್ಲಿ ಇರುವುದೇ ಇಲ್ಲ. ಈಶಾನ್ಯ ಥಾಯ್ಲೆಂಡಿನ ಇಸಾನ್ ಕಡೆಯವರೆಲ್ಲ ಬಸ್ಸು, ರೈಲು, ಪಿಕಪ್ ಹಿಡಿದು ಊರಿಗೆ ಹೋಗಿ ಅಪ್ಪ ಅಮ್ಮನ ಕೈಗೆ ನೀರು ಬಿಟ್ಟು, ಉಂಡು ಮಲಗುತ್ತಾರೆ. ಕಾಸಿದ್ದವರು ಜಪಾನಿಗೆ ಹಾರುತ್ತಾರೆ. ಬೀದಿಯಲ್ಲಿ ಉಳಿಯುವವರು ಹಬ್ಬಕ್ಕೆಂದೇ ವಿಮಾನ ಹತ್ತಿ ಬಂದ ಪ್ರವಾಸಿಗರು, ಸ್ಥಳೀಯ ಹುಡುಗರು, ಮತ್ತು ಹೋಗಲು ಯಾವ ಊರೂ ಇಲ್ಲದ ಈ ಖಾಯಂ ಪರದೇಶಿ. ಹಬ್ಬ ಎಲ್ಲರಿಗೂ ಐಚ್ಛಿಕ, ಇವನೊಬ್ಬನಿಗೆ ಕಡ್ಡಾಯ.

ಅದಕ್ಕೇ ಓಡಿಹೋಗುವವರ ಗುಂಪು ಒಂದಿದೆ. ಇವರ ಕಥೆ ಇನ್ನೂ ಚೆಂದ. ಹೋದರೆ ಹತ್ತಿರದ ದೇಶಕ್ಕೇ ಹೋಗೋಣ ಅಂತ ಲಾವೋಸಿಗೆ ಹೋಗುತ್ತಾರೆ. ವಿಯೆಂಟಿಯಾನಿನಲ್ಲಿ ಇಳಿದ ಕೂಡಲೇ ತಲೆ ಮೇಲೆ ಒಂದು ಬಕೆಟ್ ನೀರು. ಅಲ್ಲಿ ಅದರ ಹೆಸರು ಪೀ ಮೈ. ಕಾಂಬೋಡಿಯಾಕ್ಕೆ ಹೋದರೂ ಅದೇ ವಾರ ಹೊಸ ವರ್ಷ, ಅಲ್ಲೂ ನೀರು. ಮ್ಯಾನ್ಮಾರಿನಲ್ಲಿ ಥಿಂಗ್ಯಾನ್. ಬೇಡಪ್ಪ ಅಂತ ಚೀನಾಕ್ಕೆ ಹೋಗಿ ಯುನ್ನಾನಿನ ಶಿಷ್ವಾಂಗ್‌ಬನ್ನಾದಲ್ಲಿ ಇಳಿದರೆ ಅಲ್ಲಿನ ದಾಯ್ ಜನ ಬೋಗುಣಿ ಹಿಡಿದು ಕಾದಿರುತ್ತಾರೆ. ಸೌರಮಾನದ ಹೊಸ ವರ್ಷವನ್ನು ಮೈ ಒದ್ದೆಯಾಗದ ಹಾಗೆ ಆಚರಿಸಬೇಕು ಅಂದ್ರೆ ಮಂಗಳೂರಿಗೇ ಬರಬೇಕು. ಬೆಳಗ್ಗೆ ಎದ್ದು ಕಣಿ ನೋಡಿ, ಹಿರಿಯರ ಕಾಲಿಗೆ ಬಿದ್ದು, ಪಾಯಸ ಕುಡಿದರೆ ಮುಗೀತು. ಒಣ ಹಬ್ಬ. ಬೆವರಿನಿಂದ ಒದ್ದೆಯಾದರೆ ಅದು ಹಬ್ಬದ ತಪ್ಪಲ್ಲ, ಕರಾವಳಿಯ ಏಪ್ರಿಲ್ಲಿನ ತಪ್ಪು.

ಇನ್ನೊಂದು ತಳಿ ಇದೆ, ನನಗೆ ತೀರಾ ಪ್ರಿಯವಾದದ್ದು. ಸಂಸ್ಕೃತಿ ರಕ್ಷಕ ಪರದೇಶಿ. ಇವನು ಡಸೆಲ್‌ಡಾರ್ಫಿನಿಂದಲೋ ಡರ್ಬಿಯಿಂದಲೋ ಬಂದವನು, ಐವತ್ತು ದಾಟಿದೆ, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ನಿವೃತ್ತಿ ವೀಸಾ ಮೇಲೆ ಕೂತಿದ್ದಾನೆ. ಇವನು ಸಂಜೆ ಬಿಯರ್ ಬಾರಿನ ಸ್ಟೂಲ್ ಮೇಲೆ ಕೂತು ಥಾಯ್ ಹುಡುಗಿಯರಿಗೆ ಥಾಯ್ ಸಂಪ್ರದಾಯದ ಬಗ್ಗೆ ಪಾಠ ಮಾಡುತ್ತಾನೆ. "ಇದು ಅಸಲಿ ಸೊಂಗ್‌ಕ್ರಾನ್ ಅಲ್ಲ. ನಾನು ಬಂದ ಹೊಸದರಲ್ಲಿ ಹೀಗಿರಲಿಲ್ಲ. ಆಗೆಲ್ಲ ಬೆಳ್ಳಿ ಬಟ್ಟಲು, ಮಲ್ಲಿಗೆ ನೀರು." ಆ ಹುಡುಗಿಯರು ಹೌದು ಹೌದು ಎಂದು ತಲೆಯಾಡಿಸುತ್ತಾರೆ, ಬಿಲ್ ಇನ್ನೂ ಆಗಿಲ್ಲವಲ್ಲ. ಇವನಿಗೆ ಹನ್ನೊಂದು ತಿಂಗಳು ಥಾಯ್ಲೆಂಡ್ ಯಾಕೆ ಇಷ್ಟ ಅಂತ ಕೇಳಿನೋಡಿ. "ಇಲ್ಲಿ ನಮ್ಮ ದೇಶದ ಹಾಗೆ ಎಲ್ಲದಕ್ಕೂ ರೂಲ್ಸು ಇಲ್ಲ" ಅಂತಾನೆ. ಏಪ್ರಿಲ್ ಬಂದರೆ ಇವನ ಬೇಡಿಕೆ ಒಂದೇ: ಇದಕ್ಕೊಂದು ರೂಲ್ಸು ಮಾಡ್ಬೇಕು!

ಇಂಥವರ ರಾಜಧಾನಿ ಪಟ್ಟಾಯ. ಅಲ್ಲಿ ಹಬ್ಬ 15ಕ್ಕೆ ಮುಗಿಯುವುದಿಲ್ಲ, ವಾನ್ ಲೈ ಅಂತ 19ರವರೆಗೆ ಎಳೆಯುತ್ತದೆ. ಒಂದು ವಾರ ಪೂರ್ತಿ. ಅಲ್ಲಿನ ಬಾರ್ ಬೀದಿಗಳಲ್ಲಿ ಬೆಳಗ್ಗೆಯಿಂದ ಕುಡಿದು, ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು, ಬೈಕಿನಲ್ಲಿ ಹೋಗುವವರ ಕಣ್ಣಿಗೇ ಗುರಿಯಿಡುವ ಮಹಾವೀರರು ಯಾರು ಅಂತೀರಿ? ಬಹುಪಾಲು ಪರದೇಶಿಗಳೇ. ಒಬ್ಬ ಪರದೇಶಿ ಇನ್ನೊಬ್ಬ ಪರದೇಶಿಗೆ ನೀರೆರಚುತ್ತಾನೆ, ಒದ್ದೆಯಾದವನು ಮನೆಗೆ ಹೋಗಿ "ಈ ಥಾಯ್ ಜನ ಹಾಳಾಗಿಹೋದರು" ಅಂತಾನೆ.

ಸರ್ಕಾರದವರೇನು ಕಡಿಮೆಯಿಲ್ಲ. ಒಂದು ಇಲಾಖೆ ಪ್ರಪಂಚವೆಲ್ಲ ಬನ್ನಿ, ನೆನೆಯಿರಿ ಅಂತ ಜಾಹೀರಾತು ಕೊಡುತ್ತದೆ. ಇನ್ನೊಂದು ಇಲಾಖೆ ಮೆತ್ತಗೆ ಎರಚಿ, ಸಭ್ಯ ಬಟ್ಟೆ ಹಾಕಿ, ದೊಡ್ಡ ಒತ್ತಡದ ಗನ್ನು ತರಬೇಡಿ ಅಂತ ಪಟ್ಟಿ ಅಂಟಿಸುತ್ತದೆ. 2018ರಲ್ಲಿ ಹೆಣ್ಣುಮಕ್ಕಳು ಮೈತುಂಬ ಬಟ್ಟೆ ಹಾಕಿದರೆ ಕಿರುಕುಳ ಆಗುವುದಿಲ್ಲ ಎಂಬ ಧಾಟಿಯಲ್ಲಿ ಅಧಿಕಾರಿಗಳು ಉಪದೇಶ ಮಾಡಿದಾಗ, ರೂಪದರ್ಶಿ ಸಿಂಡಿ ಬಿಷಪ್ ನಮ್ಮ ಬಟ್ಟೆ ಬಗ್ಗೆ ನಮಗೆ ಹೇಳಬೇಡಿ ಎಂದು ಅಭಿಯಾನವನ್ನೇ ಶುರುಮಾಡಿದರು. ಸರಿಯಾಗೇ ಮಾಡಿದರು. ಕೈ ಸುಮ್ಮನಿರದವರಿಗೆ ಹೇಳುವುದು ಬಿಟ್ಟು ಇವರಿಗೆ ಹೇಳೋದೇನು?

2024ರಲ್ಲಂತೂ ಯುನೆಸ್ಕೋ ಪಟ್ಟಿ ಸಿಕ್ಕ ಖುಷಿಗೆ ಹಬ್ಬವನ್ನು ಏಪ್ರಿಲ್ 1ರಿಂದ 21ರವರೆಗೆ ಹಿಗ್ಗಿಸಿ "ಮಹಾ ಸೊಂಗ್‌ಕ್ರಾನ್" ಅಂದರು. ತಿಂಗಳಿಡೀ ಹಬ್ಬ ಎಂದು ಮೊದಲು ಸುದ್ದಿ ಬಂದಾಗ ಖಾಯಂ ಪರದೇಶಿಗಳ ಎದೆ ಧಸಕ್ಕೆಂದಿತ್ತು. ಅಯ್ಯೋ, ತಿಂಗಳಿಡೀ ನೀರೆರಚೋದಲ್ಲ, ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಕಾರ್ಯಕ್ರಮ ಅಂತ ಆಮೇಲೆ ಸಮಜಾಯಿಷಿ ಬಂತು. ಆ ಸಮಜಾಯಿಷಿ ಬರುವಷ್ಟರಲ್ಲಿ ಬಾಲಿಗೆ ಟಿಕೆಟ್ ಮಾಡಿಸಿದವರು ಮಾಡಿಸಿಯಾಗಿತ್ತು.

ಅದೇ ಏಪ್ರಿಲ್ಲಿಗೆ ನಮ್ಮವರೂ ಬಂದರು. ಭಾರತೀಯರಿಗೆ 2023ರ ನವೆಂಬರಿನಿಂದ ವೀಸಾ ಬೇಡ ಅಂದಿದ್ದೇ ತಡ, ಬೆಂಗಳೂರಿನಿಂದ ಬ್ಯಾಂಕಾಕ್ ಅಂದ್ರೆ ಹಾಸನಕ್ಕೆ ಹೋಗಿಬಂದಷ್ಟು ಸಲೀಸು. 2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಿನಲ್ಲಿ ಬೋರ್‌ವೆಲ್ ಒಣಗಿ, ಟ್ಯಾಂಕರ್ ರೇಟು ಕೇಳಿ ತಲೆಸುತ್ತು ಬಂದು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಹೋಳಿಗೆ ಪೂಲ್ ಪಾರ್ಟಿ, ರೇನ್ ಡ್ಯಾನ್ಸ್ ಮಾಡಬೇಡಿ ಅಂತಲೂ ಹೇಳಿತ್ತು. ಅಪಾರ್ಟ್‌ಮೆಂಟಿನಲ್ಲಿ ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದ ಟೆಕ್ಕಿ ಮುಂದಿನ ತಿಂಗಳು ಸಿಲೋಮಿನಲ್ಲಿ ನಿಂತು, ಜಲಮಂಡಳಿಯ ಕಾಟವೇ ಇಲ್ಲದ ಬೋರ್‌ವೆಲ್ ಸಿಕ್ಕ ಹಾಗೆ ಎರಚಿದ್ದೇ ಎರಚಿದ್ದು. ಓಕುಳಿ ಆಡಿ ಬೆಳೆದ ಕೈ, ಗುರಿ ತಪ್ಪುವುದಿಲ್ಲ. ಅದೇ ಸಿಲೋಮಿನ ಮಾರಿಯಮ್ಮನ ಗುಡಿಯ ಹತ್ತಿರ, ಇಲ್ಲೇ ಸಂಸಾರ ಹೂಡಿರುವ ನಮ್ಮಂಥವರು ಕುತ್ತಿಗೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮೊಬೈಲ್ ನೇತುಹಾಕಿಕೊಂಡು, ಊರಿಂದ ಬಂದ ಭಾವಮೈದನ ಫೋಟೋ ತೆಗೆಯುತ್ತಾ, "ನಮಗೆ ಇದೆಲ್ಲ ಬೋರ್ ಆಗಿದೆ ಕಣೋ" ಅಂತ ಮುಖ ಗಂಟು ಹಾಕಿಕೊಂಡು ನಿಂತಿರುತ್ತೇವೆ. ಹಾಗೆ ಹೇಳಿದರೇನೇ ಇಲ್ಲಿಯವರು ಅನ್ನಿಸಿಕೊಳ್ಳೋದು.

ಒಂದು ವಿಷಯದಲ್ಲಿ ಮಾತ್ರ ಪರದೇಶಿಗಳ ಗೊಣಗಾಟದಲ್ಲಿ ಹುರುಳಿದೆ. ಸೊಂಗ್‌ಕ್ರಾನಿನ ಆಜುಬಾಜು ಸರ್ಕಾರ "ಏಳು ಅಪಾಯಕಾರಿ ದಿನಗಳು" ಅಂತ ಘೋಷಿಸಿ, ದಿನಾ ಬೆಳಗ್ಗೆ ಟಿ.ವಿ.ಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ರಸ್ತೆ ಸಾವಿನ ಲೆಕ್ಕ ಓದುತ್ತದೆ. ಈಚಿನ ವರ್ಷಗಳಲ್ಲಿ ಏಳು ದಿನಕ್ಕೆ 250ರಿಂದ 300 ಸಾವು ಮಾಮೂಲಿ, ಮುಕ್ಕಾಲುಪಾಲಿಗೂ ಮೇಲೆ ಬೈಕಿನವು, ಕಾರಣ ವೇಗ ಮತ್ತು ಕುಡಿತ. ಎಂಟನೇ ದಿನ ಅಧಿಕಾರಿಗಳು ಫೈಲು ಮುಚ್ಚಿ ಊಟಕ್ಕೆ ಹೋಗುತ್ತಾರೆ. ತಮಾಷೆ ಏನಪ್ಪಾ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಇಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 18,000. ದಿನಕ್ಕೆ ಐವತ್ತು. ಲೆಕ್ಕ ಹಾಕುವ ರೀತಿ ಬೇರೆ ಇದೆ, ಒಪ್ಪೋಣ. ಆದರೂ ಅಪಾಯಕಾರಿ ದಿನಗಳಲ್ಲಿ ದಿನಕ್ಕೆ ನಲವತ್ತು, ಅಪಾಯ ಇಲ್ಲದ ಮಿಕ್ಕ ದಿನಗಳಲ್ಲಿ ದಿನಕ್ಕೆ ಐವತ್ತು! ಆ ಲೆಕ್ಕದಲ್ಲಿ ವರ್ಷಪೂರ್ತಿ ಸೊಂಗ್‌ಕ್ರಾನ್ ಮಾಡುವುದೇ ಕ್ಷೇಮ.

ಹಾಗೊಮ್ಮೆ ದೇವರು ಈ ಖಾಯಂ ಪರದೇಶಿಗಳ ಮೊರೆ ಕೇಳಿಯೂಬಿಟ್ಟ. 2020ರಲ್ಲಿ ಕೊರೋನಾ ಬಂತು, ಸೊಂಗ್‌ಕ್ರಾನ್ ರಜೆಯೇ ಮುಂದಕ್ಕೆ ಹೋಯಿತು. 2021ರಲ್ಲೂ ನೀರೆರಚುವಂತಿಲ್ಲ ಅಂದರು. ಬೀದಿಯೆಲ್ಲ ಒಣಒಣ. ವರ್ಷಾನುಗಟ್ಟಲೆ ಬೇಡಿಕೊಂಡದ್ದು ಸಿಕ್ಕಿತಲ್ಲ, ಖುಷಿಯಾಗಿರಬೇಕಿತ್ತು ತಾನೇ? ಅದೇ ಬಾರ್ ಸ್ಟೂಲಿನ ಮಹಾನುಭಾವ ಬಾರಿಲ್ಲದೆ ಬಾಲ್ಕನಿಯಲ್ಲಿ ಕೂತು, "ಆ ಕೇಕೆ, ಆ ನಗು, ಆ ಜೀವಂತಿಕೆ ಎಲ್ಲಿ ಹೋಯ್ತು" ಎಂದು ಕರುಳು ಹಿಂಡುವ ಹಾಗೆ ಹಲುಬಿದ. 2023ರಲ್ಲಿ ನೀರು ಪೂರ್ತಿ ವಾಪಸ್ ಬಂತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವನ ಗೊಣಗಾಟವೂ ವಾಪಸ್ ಬಂತು.

ಈಗ ಅವನು ಒಂದು ದಾರಿ ಕಂಡುಕೊಂಡಿದ್ದಾನೆ. ಬ್ಯಾಂಕಾಕಿನ ಗದ್ದಲವೆಲ್ಲ ಮುಗಿದ ಮೇಲೆ ಬರುವ ಭಾನುವಾರ, ನದಿ ದಾಟಿದರೆ ಸಿಗುವ ಫ್ರಾ ಪ್ರದೇಂಗ್‌ನಲ್ಲಿ ಮೋನ್ ಸಮುದಾಯದವರ ಸೊಂಗ್‌ಕ್ರಾನ್ ನಡೆಯುತ್ತದೆ. ಹೂವಿನ ಮೆರವಣಿಗೆ, ಹಳೇ ಕಾಲದ ಉಡುಪು, ಸಾಂಪ್ರದಾಯಿಕ ಆಟಗಳು. "ಇದು ಅಸಲಿ, ಇಲ್ಲಿ ಪ್ರವಾಸಿಗಳ ಕಾಟ ಇಲ್ಲ" ಅಂತ ಹೇಳಿ ತನ್ನಂಥ ಹದಿನೈದಿಪ್ಪತ್ತು ಪರದೇಶಿಗಳನ್ನು ವ್ಯಾನಿನಲ್ಲಿ ತುಂಬಿಸಿಕೊಂಡು ಹೊರಡುತ್ತಾನೆ. ಕ್ಯಾಮೆರಾ ಬ್ಯಾಗಿನ ಪಕ್ಕದಲ್ಲಿ ಮಡಚಿಟ್ಟ ಟವೆಲ್ಲಿನೊಳಗೆ ಹಳದಿ ಬಣ್ಣದ್ದು ಏನೋ ಇಣುಕುತ್ತಿದೆ, ಎರಡು ಲೀಟರ್ ಟ್ಯಾಂಕಿನದು, ಹೊಸ ಮಾಡೆಲ್ಲು. ಕೇಳಿದರೆ, "ಸುಮ್ನೆ ತಂದಿದ್ದೀನಿ, ಅವರೇನಾದ್ರೂ ಶುರುಮಾಡಿದ್ರೆ ಇರಲಿ ಅಂತ" ಅಂತಾನೆ.