ಜೆಮಿನಿ ಪ್ರದಕ್ಷಿಣೆ

ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂದಿದೆ, ಗೊತ್ತಲ್ಲ? 2023ರ ಜೂನ್‌ನಲ್ಲಿ ಪ್ರಧಾನಿ ವಾಷಿಂಗ್ಟನ್‌ಗೆ ಹೋಗಿದ್ದಾಗ ಮಾತಾಯಿತು. 2025ರ ಜನವರಿ 17ಕ್ಕೆ ವಿಠ್ಠಲ್ ಮಲ್ಯ ರಸ್ತೆಯ ಪಂಚತಾರಾ ಹೋಟೆಲಿನಲ್ಲಿ ಉದ್ಘಾಟನೆಯೂ ಮುಗಿಯಿತು. ರಾಯಭಾರಿ ಎರಿಕ್ ಗಾರ್ಸೆಟ್ಟಿ ಬಂದರು, ವಿದೇಶಾಂಗ ಸಚಿವರು ಬಂದರು, ಉಪಮುಖ್ಯಮಂತ್ರಿಗಳು ಬಂದರು. ಬಾರದೇ ಉಳಿದದ್ದು ವೀಸಾ ಮಾತ್ರ. ಆ ಸೇವೆ ಸದ್ಯಕ್ಕಿಲ್ಲ ಅಂತ ಅವತ್ತೇ ಹೇಳಿದರು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಅಂತ ಗಾದೆ. ಇಲ್ಲಿ ಎಲೆ ಹಾಕಿ, ಉಪ್ಪಿನಕಾಯಿ ಬಡಿಸಿ, ಊಟ ಮಾತ್ರ ಮದ್ರಾಸಿನಲ್ಲಿ ಮಾಡಿಕೊಂಡು ಬನ್ನಿ ಅಂದ ಹಾಗಾಯಿತು.

ಆದ್ದರಿಂದ ಕನ್ನಡಿಗರ ಪಾಲಿಗೆ ಅಮೆರಿಕದ ಹೆಬ್ಬಾಗಿಲು ಇರುವುದು ಚೆನ್ನೈನ ಅಣ್ಣಾ ಸಾಲೈನಲ್ಲಿ, ಜೆಮಿನಿ ಸರ್ಕಲ್ಲಿನಲ್ಲಿ. ಬೀದರ್, ಕಲಬುರಗಿಯವರಿಗೆ ಹೈದರಾಬಾದೇ ವಾಸಿ, ಸಂದರ್ಶನದ ಸ್ಲಾಟ್ ಸಿಕ್ಕರೆ. ಉಳಿದವರು ಬೆಂಗಳೂರು ದಾಟಿ ಇನ್ನೂ 350 ಕಿ.ಮೀ. ಹೋಗಬೇಕು, ಅಷ್ಟೇ ದೂರ ವಾಪಸ್ ಬರಬೇಕು. ಕಿಟಕಿಯ ಮುಂದೆ ಆಗುವ ಮಾತುಕತೆ ಎರಡೋ ಮೂರೋ ನಿಮಿಷ. ಬಸ್ಸಿನ ಕಂಡಕ್ಟರ್ ಜೊತೆ ಚಿಲ್ಲರೆಗೆ ಆಡುವ ಜಗಳವೂ ಇದಕ್ಕಿಂತ ಉದ್ದ ಇರುತ್ತದೆ.

ಮೊದಲು ಡಿಎಸ್-160, ಅಂದರೆ ಆನ್‌ಲೈನಿನಲ್ಲಿ ತುಂಬುವ ವೀಸಾ ಅರ್ಜಿ. ಇಪ್ಪತ್ತು ನಿಮಿಷ ಕೈಬಿಟ್ಟು ಕೂತರೆ ಅದು ತಾನಾಗೇ ಹೊರಗೆ ತಳ್ಳುತ್ತದೆ. ಪ್ರತಿ ಪುಟಕ್ಕೂ ಸೇವ್ ಒತ್ತಿ, ಅರ್ಜಿ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಳೆದ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತದೆ. ಬೇಹುಗಾರಿಕೆ ಮಾಡಲು ಬರುತ್ತಿದ್ದೀರಾ ಅನ್ನುತ್ತದೆ, ಭಯೋತ್ಪಾದನೆ ಮಾಡುವ ಯೋಚನೆ ಇದೆಯೇ ಅನ್ನುತ್ತದೆ. ಹೌದು ಅಂತ ಗುರುತು ಹಾಕುವ ಪ್ರಾಮಾಣಿಕ ಭಯೋತ್ಪಾದಕನಿಗಾಗಿ ಆ ಪುಟ ವರ್ಷಾನುಗಟ್ಟಲೆಯಿಂದ ಕಾಯುತ್ತಿದೆ. ಇಷ್ಟೆಲ್ಲ ಕೇಳುವ ಅರ್ಜಿ ಒಂದನ್ನು ಮಾತ್ರ ಬಿಟ್ಟಿದೆ: ಕಾರು ಎಲ್ಲಿ ನಿಲ್ಲಿಸುತ್ತೀರಿ? ಅದನ್ನೂ ಕೇಳಿದ್ದರೆ ಒಳ್ಳೆಯವರೆಲ್ಲ ಅಲ್ಲೇ ಉದುರಿಹೋಗುತ್ತಿದ್ದರು.

ಪ್ರವಾಸಿ ವೀಸಾಕ್ಕೆ ಅರ್ಜಿ ಶುಲ್ಕ 185 ಡಾಲರ್. ವೀಸಾ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ, ವಾಪಸ್ ಬರುವ ದುಡ್ಡಲ್ಲ. ಆಮೇಲೆ ಸ್ಲಾಟ್ ಬೇಟೆ. ಆತುರಕ್ಕೆ ಪದೇಪದೇ ರಿಫ್ರೆಶ್ ಒತ್ತಿದರೆ ಖಾತೆ ಬೀಗ ಹಾಕಿಕೊಂಡು ಕೂರುತ್ತದೆ. ಎಷ್ಟೋ ಜನ ಮೂರು ದಿನ ಕಾದು ಆ ಬೀಗ ತೆಗೆಸಿಕೊಂಡಿದ್ದಾರೆ. ದಿನಾಂಕ ಬದಲಿಸುವುದಕ್ಕೂ ಲೆಕ್ಕವಿದೆ. 2025ರ ಜನವರಿ 1ರಿಂದ ಒಂದು ಸಲ ಬದಲಾವಣೆ ಪುಕ್ಕಟೆ, ಇನ್ನೊಂದು ಸಲ ಬೇಕಾದರೆ ಶುಲ್ಕ ಮೊದಲಿಂದ ಕಟ್ಟಬೇಕು. ಹಾಗಾಗಿ ಸಿಕ್ಕ ದಿನಾಂಕ ಅಕ್ಟೋಬರ್–ಡಿಸೆಂಬರ್ ನಡುವೆ ಬಿದ್ದಿದ್ದರೆ ಚೆನ್ನೈ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನಲ್ಲಿ ಬಿಸಿಲು ನೋಡಿ ಹೊರಟವರು ಅಲ್ಲಿ ಮೊಣಕಾಲು ನೀರಿನಲ್ಲಿ ಪ್ಯಾಂಟು ಮಡಿಸಿಕೊಂಡು ಅಮೆರಿಕಕ್ಕೆ ನಡೆಯಬೇಕಾದೀತು.

ಒಂದು ಸಲ ಹೋದರೆ ಮುಗಿಯಿತು ಅಂದುಕೊಂಡವರಿಗೆ ಇನ್ನೊಂದು ವಿಷಯ. ಅಪಾಯಿಂಟ್‌ಮೆಂಟ್ ಎರಡು. ಮೊದಲ ದಿನ ಫೋಟೊ, ಹತ್ತು ಬೆರಳಿನ ಅಚ್ಚು. ಸಂದರ್ಶನ ಮಾರನೆಯ ದಿನ ಇಲ್ಲವೇ ಅದಾದ ಮೇಲೆ, ಬೇರೆ ಕಟ್ಟಡದಲ್ಲಿ. ಬೆರಳಚ್ಚಿನ ಜಾಗಕ್ಕೆ ಹಿಂದೆ ಒಎಫ್‌ಸಿ ಅನ್ನುತ್ತಿದ್ದರು, ಈಗ ವಿಎಸಿ ಅನ್ನುತ್ತಾರೆ. ಅಳಿಯ ಅಲ್ಲ, ಮಗಳ ಗಂಡ. ಭಾರತದಲ್ಲಿ ಈ ಮಗಳ ಗಂಡಂದಿರು ಐವರು: ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಚೆನ್ನೈ. ಬೆರಳು ಒಂದು ಊರಲ್ಲಿ, ಬಾಯಿ ಇನ್ನೊಂದು ಊರಲ್ಲಿ ಆದರೂ ನಡೆಯುತ್ತದೆ. ಸ್ಲಾಟ್ ಸಿಗದವರು ಹೈದರಾಬಾದಿನಲ್ಲಿ ಬೆರಳೊತ್ತಿ ಚೆನ್ನೈನಲ್ಲಿ ಮಾತಾಡುವುದುಂಟು. ಬೆಂಗಳೂರಿನಲ್ಲಿ ಇರುವುದು ಪಾಸ್‌ಪೋರ್ಟ್ ವಾಪಸ್ ತೆಗೆದುಕೊಳ್ಳುವ ಕೌಂಟರ್. ವೀಸಾ ಒತ್ತಿದ ಪಾಸ್‌ಪೋರ್ಟ್ ಚೆನ್ನೈಯಿಂದ ಬೆಂಗಳೂರಿಗೆ ಆರಾಮಾಗಿ ತಾನೇ ಬರುತ್ತದೆ. ಅಂದರೆ ಈ ಎರಡು ಊರುಗಳ ನಡುವೆ ಸಾಗಾಟದ ವ್ಯವಸ್ಥೆ ಇದೆ. ಅದು ಪುಸ್ತಕಕ್ಕೆ, ಮನುಷ್ಯರಿಗಲ್ಲ.

ಕಾರಿನ ಮಾತು ಯಾಕೆ ಬಂತು ಅಂದರೆ, ಅಜ್ಜಿ ಕಾರಣ. 79 ದಾಟಿದವರಿಗೂ 14 ತುಂಬದವರಿಗೂ ಮೊದಲು ಸಂದರ್ಶನದಿಂದ ವಿನಾಯಿತಿ ಸಿಗುತ್ತಿತ್ತು. 2025ರ ಸೆಪ್ಟೆಂಬರ್ 2ರಿಂದ ಸಾಮಾನ್ಯವಾಗಿ ಅವರೂ ಬಂದು ನಿಲ್ಲಬೇಕು. ಎಂಬತ್ತೆರಡರ ಅಜ್ಜಿ ಡಲ್ಲಾಸಿನಲ್ಲಿ ಮರಿಮಗನ ನಾಮಕರಣ ಮುಗಿಸಿ ಅಲ್ಲೇ ಕದ್ದು ನಿಂತು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಸೇರಿಬಿಡಬಹುದು ಎಂಬ ಸಂದೇಹವನ್ನು ಎದುರೆದುರೇ ಪರಿಹರಿಸಬೇಕಲ್ಲ. ಮಂಡಿನೋವಿನ ಅಜ್ಜಿ ರೈಲಿನ ಮೆಟ್ಟಿಲು ಹತ್ತಲಾರರು. ಕಾರು ಹೊರಡುತ್ತದೆ.

ಹೊಸೂರು–ಕೃಷ್ಣಗಿರಿ–ವೆಲ್ಲೂರು ದಾರಿಯಲ್ಲಿ ಆರರಿಂದ ಏಳು ಗಂಟೆ. ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಅನ್ನುವವರು ಗಮನಿಸಿ: ಸುಮಾರು 260 ಕಿ.ಮೀ. ಯೋಜನೆಯಲ್ಲಿ ಕರ್ನಾಟಕದ ಪಾಲಿನ 71 ಕಿ.ಮೀ. 2024ರ ಡಿಸೆಂಬರ್‌ನಲ್ಲಿ ಮೊದಲು ತೆರೆಯಿತು. ಹೊಸಕೋಟೆಯಲ್ಲಿ ಹತ್ತಿ ಬೇತಮಂಗಲದಲ್ಲಿ ಇಳಿದಾಗ ಅದು ಕೋಲಾರ ಜಿಲ್ಲೆಯನ್ನು ಅತಿ ವೇಗವಾಗಿ ತೋರಿಸುವ ರಸ್ತೆಯಾಗಿತ್ತು. ಯಾವ ದಾರಿ ಹಿಡಿದರೂ ಉಳಿಸಿದ ಸಮಯವನ್ನೆಲ್ಲ ಶ್ರೀಪೆರಂಬುದೂರು ದಾಟಿದ ಮೇಲೆ ಪೂನಮಲ್ಲಿ, ಮದುರವಾಯಲ್‌ಗಳಲ್ಲಿ ಬಡ್ಡಿ ಸಮೇತ ಕಟ್ಟಿಸಿಕೊಳ್ಳುತ್ತಾರೆ. ಗೂಗಲ್ ತೋರಿಸಿದ್ದಕ್ಕೆ ಒಂದೂವರೆ ಗಂಟೆ ಸೇರಿಸಿ. ಹಿಂದಿನ ರಾತ್ರಿಯೇ ಊರು ಸೇರಿ.

ರೈಲಿನವರಿಗೆ ಹೇಳಿ ಮುಗಿಸುತ್ತೇವೆ, ಅವರ ಕಷ್ಟ ಕಮ್ಮಿ. ರಾತ್ರಿಯ ಚೆನ್ನೈ ಮೇಲ್ ಬೆಳಗಿನ ಜಾವ ಸೆಂಟ್ರಲ್ ಮುಟ್ಟಿಸುತ್ತದೆ; ವಂದೇ ಭಾರತ್ ಮುಟ್ಟುವುದು ಮಧ್ಯಾಹ್ನ ಇಲ್ಲವೇ ಸಂಜೆ, ಬೆಳಗಿನ ಬೆರಳಚ್ಚಿಗೆ ಉಪಯೋಗವಿಲ್ಲ. ಲಗೇಜು ಸೆಂಟ್ರಲ್‌ನ ಕ್ಲೋಕ್‌ರೂಮಿನಲ್ಲಿ. ಅಲ್ಲಿಂದ ಕಾನ್ಸುಲೇಟಿಗೆ ಮೆಟ್ರೊ ನೀಲಿ ಮಾರ್ಗ: ಗವರ್ನಮೆಂಟ್ ಎಸ್ಟೇಟ್, ಎಲ್‌ಐಸಿ, ಮೂರನೆಯದು ಥೌಸಂಡ್ ಲೈಟ್ಸ್, ಇಳಿದು ಸ್ವಲ್ಪ ನಡೆಯಬೇಕು. ವಿಮಾನದಲ್ಲಿ ಬಂದವರಿಗೂ ಅದೇ ಮಾರ್ಗ, ಎದುರು ದಿಕ್ಕಿನಿಂದ. ವಾಪಸ್ ಪ್ರಯಾಣಕ್ಕೆ ಆಧಾರ್ ಕಾರ್ಡ್ ಮರೆಯಬೇಡಿ. ವೀಸಾ ಮಂಜೂರಾದರೆ ಪಾಸ್‌ಪೋರ್ಟ್ ಒಳಗೇ ಉಳಿಯುತ್ತದೆ. ಅದೊಂದನ್ನೇ ಗುರುತಿನ ಚೀಟಿ ಅಂತ ನಂಬಿಕೊಂಡು ಬಂದವರನ್ನು ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಮೆರಿಕ ಒಪ್ಪಿದವರನ್ನು ಮೀನಂಬಾಕ್ಕಂ ಒಪ್ಪುವುದಿಲ್ಲ.

ಈಗ ಕಾರಿನವರು ಜೆಮಿನಿಗೆ ಬಂದರು ಅಂತ ಇಟ್ಟುಕೊಳ್ಳಿ. ಎದುರಿಗೆ 1973ರ ಮೇಲ್ಸೇತುವೆ. ಸರ್ಕಾರ ಅಣ್ಣಾದೊರೈ ಹೆಸರಿಟ್ಟಿತು, ಪಕ್ಕದಲ್ಲಿದ್ದ ಸ್ಟುಡಿಯೊದ ಹೆಸರು ಜನರ ಬಾಯಲ್ಲಿ ಉಳಿಯಿತು. ಒಂದು ಕಡೆ ಅಣ್ಣಾ ಸಾಲೈ, ಇನ್ನೊಂದು ಕಡೆ ಕೆಥೀಡ್ರಲ್ ರಸ್ತೆ, ನಡುವೆ ಮೆಟ್ರೊ ಎರಡನೇ ಹಂತದ ತಗಡಿನ ಬೇಲಿ. ಕಾನ್ಸುಲೇಟಿನಲ್ಲಿ ಅರ್ಜಿದಾರರಿಗೆ ಪಾರ್ಕಿಂಗ್ ಇಲ್ಲ. ಗೋಡೆಯ ಪಕ್ಕ ನಿಲ್ಲಿಸುವ ಯೋಚನೆಯನ್ನು ಮನಸ್ಸಿನಲ್ಲೂ ತರಬೇಡಿ. ಅದು ಊರಿನಲ್ಲೇ ಅತಿ ಹೆಚ್ಚು ಕಣ್ಣುಗಳಿರುವ ಗೋಡೆ. ಬಾಗಿಲು ತೆಗೆದು ಅಜ್ಜಿ ಒಂದು ಕಾಲು ಕೆಳಗಿಡುವ ಹೊತ್ತಿಗೆ ಸೀಟಿ, ಇನ್ನೊಂದು ಕಾಲಿಡುವ ಹೊತ್ತಿಗೆ ಲಾಠಿ ಬಾನೆಟ್ಟಿನ ಮೇಲೆ. ಅದಕ್ಕೇ ಅಜ್ಜಿಯನ್ನು ಫುಟ್‌ಪಾತಿನ ಕಡೆಯ ಸೀಟಿನಲ್ಲಿ ಕೂರಿಸಿ, ಫೈಲು ಡಿಕ್ಕಿಯಲ್ಲಿ ಬೇಡ, ಮಡಿಲಲ್ಲಿರಲಿ. ಚಪ್ಪಲಿ ಮೊದಲೇ ಹಾಕಿಸಿ. ಕಾರಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂರುವ ಅಭ್ಯಾಸದಿಂದ ಹಾಳಾಗುವ ನಲವತ್ತು ಸೆಕೆಂಡು ಇಲ್ಲಿ ಬಹಳ ದುಬಾರಿ.

ಪೇಯ್ಡ್ ಪಾರ್ಕಿಂಗ್ ಇಲ್ಲವೇ? ಇದೆ. ರಾಯಪೇಟೆಯಲ್ಲಿ ಎಕ್ಸ್‌ಪ್ರೆಸ್ ಅವೆನ್ಯೂ ಮಾಲಿನ ನೆಲಮಾಳಿಗೆ ಇದೆ, ಎಲ್‌ಐಸಿ ನಿಲ್ದಾಣಕ್ಕೆ ನಡೆದು ಒಂದು ಸ್ಟಾಪ್ ಮೆಟ್ರೊದಲ್ಲಿ ಬರಬಹುದು. ತೊಡಕು ಒಂದೇ: ಸ್ಲಾಟ್ ಬೆಳಿಗ್ಗೆ ಎಂಟಕ್ಕೆ, ಮಾಲ್ ಎದ್ದು ಮುಖ ತೊಳೆಯುವುದು ಹತ್ತಕ್ಕೆ. ಇನ್ನು ಲಾಡ್ಜಿನವರು ಫೋನಿನಲ್ಲಿ ‘ಪಾರ್ಕಿಂಗ್ ಇದೆ ಸಾರ್’ ಅಂದರೆ ಎರಡನೆಯ ಪ್ರಶ್ನೆ ಕೇಳಲೇಬೇಕು, ಗೇಟಿನ ಒಳಗೋ ಹೊರಗೋ? ಗೇಟಿನ ಒಳಗಿರುವ ಲಾಡ್ಜ್ ಹುಡುಕಿ ಕಾರನ್ನು ಅಲ್ಲೇ ಮಲಗಿಸಿ, ಸಂದರ್ಶನಕ್ಕೆ ಆಟೊದಲ್ಲಿ ಬನ್ನಿ. ಆಟೊ ಎಲ್ಲಿ ಬೇಕಾದರೂ ನಿಲ್ಲುತ್ತದೆ, ಅದಕ್ಕೆ ಯಾವ ದೇಶದ ಅನುಮತಿಯೂ ಬೇಡ. ಆದರೆ ಈ ಬುದ್ಧಿವಾದ ಯಾರೂ ಕೇಳುವುದಿಲ್ಲ. ‘ಡ್ರೈವರ್ ಇದಾನಲ್ಲ, ಸುತ್ತು ಹೊಡೀತಿರ್ತಾನೆ’ ಅನ್ನುತ್ತಾರೆ.

ಸುತ್ತು ಹೊಡೆಯುತ್ತಾನೆ. ಮೇಲ್ಸೇತುವೆಯ ಬಳಿ, ಮುಂಗಾಲೆತ್ತಿದ ಕುದುರೆಯನ್ನು ಹಿಡಿದೆಳೆದು ನಿಲ್ಲಿಸುತ್ತಿರುವ ಮನುಷ್ಯನ ಪ್ರತಿಮೆ ಇದೆ. ಕುದುರೆ ರೇಸು ನಿಷೇಧಿಸಿದ ನೆನಪಿಗೆ ಇಟ್ಟದ್ದಂತೆ. ಆ ಇಡೀ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಲು ಕಾಯಂ ಪರವಾನಗಿ ಪಡೆದಿರುವವನು ಅವನೊಬ್ಬನೇ. ಡ್ರೈವರ್‌ಗೂ ಒಳಗಿರುವವರಿಗೂ ಗುರುತಿನ ಜಾಗ ಅಂತ ಅದನ್ನೇ ಗೊತ್ತು ಮಾಡಿಕೊಳ್ಳಿ. ಯಾಕೆಂದರೆ ಇಬ್ಬರ ನಡುವೆ ಇನ್ನು ಯಾವ ಸಂಪರ್ಕವೂ ಇರುವುದಿಲ್ಲ.

ಒಳಗೆ ಫೋನ್ ನಿಷಿದ್ಧ. ಬಿಟ್ಟು ಹೋಗಲು ಲಾಕರೂ ಇಲ್ಲ. ತರಬಾರದ ವಸ್ತುಗಳ ಪಟ್ಟಿಯನ್ನು ಓದಿದವರಿಗೆ ಕಣ್ಣು ತುಂಬಿ ಬರುತ್ತದೆ: ಪೇಜರ್, ಫ್ಲಾಪಿ, ಕ್ಯಾಸೆಟ್. ಇವನ್ನು ಇನ್ನೂ ಯಾರಾದರೂ ಇಟ್ಟುಕೊಂಡಿದ್ದಾರೆ ಅಂತ ನಂಬಿರುವ ಏಕೈಕ ಮಹಾಶಕ್ತಿ. ಡಿಜಿಟಲ್ ವಾಚು, ಬೆನ್ನಿಗೆ ಹಾಕುವ ಬ್ಯಾಗು, ಬಟ್ಟೆ ಚೀಲ, ಜಿಪ್ ಇರುವ ಫೋಲ್ಡರ್ ಯಾವುದೂ ಸಲ್ಲದು. ಕಾಗದಗಳಿಗೆ ಪ್ಲಾಸ್ಟಿಕ್ ಕವರ್ ಸಾಕು. ಬ್ಯಾಟರಿಯಿಂದ ನಡೆಯುವ ವಸ್ತು ಬೇಡ ಎಂಬುದನ್ನು ಅಕ್ಷರಶಃ ಓದಿದರೆ ಕಾರಿನ ರಿಮೋಟ್ ಕೀಲಿಯೂ ಬೇಡ, ಅದರೊಳಗೆ ಗುಂಡಿಯಷ್ಟು ಬ್ಯಾಟರಿ ಇದೆ. ಅಂದರೆ ತಾವೇ ಕಾರು ಓಡಿಸಿಕೊಂಡು ಬಂದು, ಪೂರ್ವಜನ್ಮದ ಪುಣ್ಯದಿಂದ ಜಾಗವೂ ಸಿಕ್ಕಿ, ಬೀಗ ಹಾಕಿ ಬಂದವರು ಕೀಲಿ ಹಿಡಿದುಕೊಂಡು ಹೊರಗೇ ನಿಲ್ಲಬೇಕಾಗಬಹುದು.

ಆಸುಪಾಸಿನ ಅಂಗಡಿಗಳವರು ದುಡ್ಡಿಗೆ ಫೋನ್ ಇಟ್ಟುಕೊಂಡು ಟೋಕನ್ ಕೊಡುತ್ತಾರೆ. ಆ ಅಂಗಡಿಯನ್ನು ಹುಡುಕಿ ಅಲೆಯುವ ಬದಲು ಹೆಚ್ಚಿನವರು ಫೋನನ್ನು ಕಾರಿನಲ್ಲೇ ಬಿಡುತ್ತಾರೆ. ಫೋನು ಕಾರಿನಲ್ಲಿ, ಕಾರು ಸುತ್ತಿನಲ್ಲಿ. ಡ್ರೈವರ್ ನಂಬರ್ ಇರುವುದು ಫೋನಿನಲ್ಲಿ. ಆದ್ದರಿಂದ ಅಪಾಯಿಂಟ್‌ಮೆಂಟ್ ಚೀಟಿ ಮತ್ತು ಡಿಎಸ್-160 ಪುಟದ ಜೊತೆ ಇನ್ನೊಂದು ಚೀಟಿಯ ಮೇಲೆ ಡ್ರೈವರ್ ನಂಬರ್, ಗಾಡಿ ನಂಬರ್ ಬರೆದಿಡಿ. ಐವತ್ತರ ನಾಲ್ಕು ನೋಟು ಜೇಬಿನಲ್ಲಿರಲಿ, ಫೋನಿಲ್ಲದವರ ಹತ್ತಿರ ಸ್ಕ್ಯಾನ್ ಮಾಡಿಸಿಕೊಳ್ಳಲು ಆಗುವುದಿಲ್ಲ.

ಒಳಗೆ ನಡೆಯುವುದನ್ನು ಬೇಗ ಹೇಳಬಹುದು, ಅದು ಬೇಗ ಮುಗಿಯುತ್ತದೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಪ್ರಕಾರ, ಪ್ರವಾಸಕ್ಕೆ ಅಂತ ಹೊರಟವರು ಅಲ್ಲೇ ನೆಲೆಸಲು ಹೊರಟವರು ಅಂತಲೇ ಲೆಕ್ಕ. ಅಲ್ಲ ಅಂತ ಸಾಧಿಸುವುದು ಅರ್ಜಿದಾರರ ಕೆಲಸ. ಅದಕ್ಕಾಗಿ ಅಜ್ಜಿಯ ಕವರಿನಲ್ಲಿ ಮನೆಯ ಖಾತಾ, ಊರಿನ ಪಹಣಿ, ಠೇವಣಿ ರಸೀದಿ, ಸಿ.ಎ. ಕೊಟ್ಟ ಸರ್ಟಿಫಿಕೇಟು, ಮಗನ ಮೂರು ವರ್ಷದ ತೆರಿಗೆ ಲೆಕ್ಕ. ಗಾಜಿನ ಆಚೆ ಇರುವವರು ಯಾರನ್ನು ನೋಡಲು ಹೋಗುತ್ತೀರಿ, ಎಷ್ಟು ದಿನ, ಖರ್ಚು ಯಾರದು ಅನ್ನುತ್ತಾರೆ. ಕಾಗದ ಕೇಳಲೇಬೇಕು ಅಂತೇನಿಲ್ಲ, ಬಹಳ ಸಲ ಕೇಳುವುದೂ ಇಲ್ಲ. ಮರಿಮಗ ಅಂದಿದ್ದಕ್ಕೆ ನಕ್ಕರು, ಪಾಸ್‌ಪೋರ್ಟ್ ಇಟ್ಟುಕೊಂಡರು, ಹೋಗಿ ಅಂದರು. (221(ಜಿ) ಚೀಟಿ ಕೈಗೆ ಬಂದರೆ ಇನ್ನೂ ಪರಿಶೀಲನೆ ಇದೆ, ಇಲ್ಲವೇ ಇನ್ನೇನೋ ಕಾಗದ ಬೇಕು ಅಂತ ಅರ್ಥ.)

ಹೊರಗೆ ಬಂದರೆ ಬಿಸಿಲು. ಕಾರಿಲ್ಲ. ಎಳನೀರಿನವನ ಹತ್ತಿರ ಅಜ್ಜಿ ಕವರು ಬಿಚ್ಚುತ್ತಾರೆ. ಖಾತಾ ಬಂತು, ಪಹಣಿ ಬಂತು, ಸಿ.ಎ. ಸರ್ಟಿಫಿಕೇಟು ಬಂತು, ಎಲ್ಲವನ್ನೂ ಎಳನೀರಿನ ರಾಶಿಯ ಮೇಲೆ ಹರಡಿ ಕಡೆಗೆ ಆ ಚೀಟಿ ಸಿಕ್ಕಿತು. ಅಷ್ಟು ದಪ್ಪದ ಕವರಿನಲ್ಲಿ ಅವತ್ತು ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು ಓದಿದ ಕಾಗದ ಅದೊಂದೇ. ಎಳನೀರಿನವನು ತನ್ನ ಫೋನಿನಿಂದ ನಂಬರ್ ಒತ್ತಿಕೊಟ್ಟ.

‘ಅಜ್ಜೀ, ಕುದುರೆ ಹತ್ರ ಬರ್ತಿದೀನಿ. ಪೊಲೀಸ್ ಇದಾನೆ, ನಿಲ್ಸಕ್ಕಾಗಲ್ಲ, ಸ್ಲೋ ಮಾಡ್ತೀನಿ. ಹತ್ತಿಬಿಡಿ.’