ಡಿಫರ್ ಆಯ್ತಂತೆ, ಈಗೇನು ಮಾಡೋದು?

ಡಿಸೆಂಬರ್ ಮಧ್ಯದ ವಾರ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ಒಂದೇ ಮಾತು. ಯಾರ ಮಗನಿಗೆ ಎಲ್ಲಿ ಸಿಕ್ತು, ಯಾರ ಮಗಳಿಗೆ ಸಿಗಲಿಲ್ಲ. ನವೆಂಬರ್ 1ರ ಆಸುಪಾಸಿನಲ್ಲಿ ಕಾಲೇಜಿಗೆ 'ಅರ್ಲಿ' ಎಂದು, ಅಂದರೆ ಮುಂಚಿನ ಸುತ್ತಿನಲ್ಲೇ, ಅರ್ಜಿ ಹಾಕಿದ ಮಕ್ಕಳಿಗೆ ಆ ವಾರ ಉತ್ತರ ಬರುತ್ತದೆ. ಹೌದು, ಇಲ್ಲ ಎಂಬ ಎರಡು ಉತ್ತರಗಳ ಜೊತೆ ಇಲ್ಲಿ ಮೂರನೆಯದೂ ಒಂದಿದೆ. ನಿನ್ನ ಅರ್ಜಿಯನ್ನು ಈಗ ತೀರ್ಮಾನಿಸುವುದಿಲ್ಲ, ಆಮೇಲಿನ ರೆಗ್ಯುಲರ್ ರೌಂಡಿನ ಎಲ್ಲರ ಜೊತೆ ಇನ್ನೊಮ್ಮೆ ಓದುತ್ತೇವೆ, ಮಾರ್ಚ್ ಕೊನೆಯವರೆಗೆ ಕಾಯಿ. ಇದೇ ಡಿಫರ್.

ನಮ್ಮವರಿಗೆ ಅತಿ ಜಾಸ್ತಿ ಕಷ್ಟ ಕೊಡುವ ಉತ್ತರ ಇದು. ಇಲ್ಲ ಅಂದರೆ ಎರಡು ದಿನ ಅತ್ತು ಮುಂದೆ ಹೋಗಬಹುದು. ಡಿಫರ್ ಆದಾಗ ಏನೋ ಮಾಡಬೇಕು ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಆ ತಳಮಳದಲ್ಲಿ ತಂದೆ ತಾಯಿ ಊರಿನಲ್ಲಿ ಕಲಿತದ್ದನ್ನೇ ಇಲ್ಲೂ ಮಾಡಲು ಹೊರಡುತ್ತಾರೆ. ನ್ಯೂಜೆರ್ಸಿಯಲ್ಲಿ ನಾನು ಕಂಡ ಮನೆಗಳಲ್ಲೆಲ್ಲ ತೊಂದರೆ ಶುರುವಾಗಿದ್ದು ಅಲ್ಲೇ.

ಊರಿನ, ಅಂದರೆ ಕರ್ನಾಟಕದ, ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ದಾರಿ ನೋಡಿ. ಅಲ್ಲಿ ಕಾಯುವುದಕ್ಕೂ ಒಂದು ಲೆಕ್ಕ ಇದೆ. ಪಿಯುಸಿ ಅಂಕದ ಅರ್ಧ, ಸಿಇಟಿ ಅಂಕದ ಅರ್ಧ, ಎಂಜಿನಿಯರಿಂಗ್ ರ್‍ಯಾಂಕ್ ತಯಾರು. ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿ ಮಾಡಬೇಕು, ಅಣಕು ಹಂಚಿಕೆಯಾದ ಮಾಕ್ ಅಲಾಟ್‌ಮೆಂಟ್ ನೋಡಬೇಕು, ಹೋದ ವರ್ಷದ ಕಟ್ ಆಫ್ ಹುಡುಕಬೇಕು. ಮೊದಲ ರೌಂಡಿನಲ್ಲಿ ಸಿಕ್ಕ ಸೀಟು ಪೂರ್ತಿ ಇಷ್ಟವಾಗದಿದ್ದರೆ ಚಾಯ್ಸ್ 2 ಒತ್ತಿದರಾಯಿತು. ಸಿಕ್ಕಿದ್ದು ಕೈಯಲ್ಲೇ ಇರುತ್ತದೆ, ಮುಂದಿನ ರೌಂಡಿನಲ್ಲಿ ಪಟ್ಟಿಯ ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೀರಿ. ಈ ಇಡೀ ಆಟದಲ್ಲಿ ಹುಡುಗಿ ಒಂದು ಸಾಲನ್ನೂ ಬರೆಯಬೇಕಿಲ್ಲ. ನೀನು ಯಾರು, ಯಾಕೆ ಈ ಕಾಲೇಜು ಅಂತ ಯಾರೂ ಕೇಳುವುದಿಲ್ಲ.

ಇದು ಕೊರತೆ ಎಂದು ನಾನು ಹೇಳುತ್ತಿಲ್ಲ. 1984ರಲ್ಲೇ ಕ್ಯಾಪಿಟೇಷನ್ ಫೀ ನಿಷೇಧಕ್ಕೆ ಕಾಯ್ದೆ ಮಾಡಬೇಕಾಗಿ ಬಂದ ರಾಜ್ಯ ನಮ್ಮದು. ದುಡ್ಡಿದ್ದವರು, ಮಂತ್ರಿಗಳ ಪರಿಚಯ ಇದ್ದವರು ಸೀಟು ಹೊಡೆದುಕೊಂಡು ಹೋದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. 1994ರಿಂದ ಸಿಇಟಿ ಶುರುವಾದಾಗ ಸಣ್ಣ ಊರಿನ ಮೇಷ್ಟ್ರ ಮಗಳೂ ರ್‍ಯಾಂಕ್ ಹಿಡಿದುಕೊಂಡು ಬೆಂಗಳೂರಿನ ಒಳ್ಳೆಯ ಕಾಲೇಜಿಗೆ ಬಂದಳು. ನನ್ನ ಸಂಖ್ಯೆ ಇಷ್ಟು, ನಿನ್ನದು ಇಷ್ಟು, ಅದಕ್ಕೇ ನಿನಗೆ ಸಿಕ್ತು. ಈ ಸ್ಪಷ್ಟತೆ ಅಮೆರಿಕದಲ್ಲಿ ಇಲ್ಲ. ಇಲ್ಲಿ ಯಾಕೆ ಡಿಫರ್ ಆಯ್ತು ಅಂತ ಯಾರೂ ಹೇಳುವುದಿಲ್ಲ. ಒಂದೇ ಶಾಲೆಯ, ಹೆಚ್ಚುಕಮ್ಮಿ ಒಂದೇ ಅಂಕದ ಇಬ್ಬರಲ್ಲಿ ಒಬ್ಬನಿಗೆ ಹೌದು ಬರುತ್ತದೆ, ಇನ್ನೊಬ್ಬನಿಗೆ ಡಿಫರ್ ಬರುತ್ತದೆ. ಹದಿನೇಳು ವರ್ಷದ ಮಗುವಿಗೆ ಇದು ಅನ್ಯಾಯದಂತೆಯೇ ಕಾಣುತ್ತದೆ. ಅಲ್ಲಗಳೆಯಲು ನನಗೆ ಮನಸ್ಸಿಲ್ಲ.

ಆದರೆ ಸಿಇಟಿ ಕೊಡದ ಒಂದು ಅವಕಾಶವನ್ನು ಡಿಫರ್ ಕೊಡುತ್ತದೆ. ಇನ್ನೊಂದು ಸಲ ಮಾತಾಡುವ ಅವಕಾಶ. ಅದನ್ನು ಬಳಸಬೇಕಾದವರು ಮಗು, ನಾವಲ್ಲ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ.

ಮೊದಲ ಕೆಲಸ, ಕಾಲೇಜು ಕಳಿಸಿದ ಪತ್ರವನ್ನು ಸಾವಕಾಶವಾಗಿ ಓದುವುದು. ಬೇಜಾರಿನಲ್ಲಿ ಮೊದಲ ಸಾಲು ಓದಿ ಮುಚ್ಚಿಡುವವರೇ ಜಾಸ್ತಿ. ಕಾಲೇಜಿಗೆ ಏನು ಬೇಕು ಎಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಇಲ್ಲವೇ ಕಾಲೇಜಿನ ಅರ್ಜಿ ಪೋರ್ಟಲಿನಲ್ಲಿ ಇರುತ್ತದೆ. ಮಸಾಚುಸೆಟ್ಸ್‌ನ ಎಂಐಟಿಯವರು ಡಿಫರ್ ಆದವರಿಗೆ ಒಂದು ಫಾರ್ಮನ್ನೇ ಕೊಡುತ್ತಾರೆ. ಫೆಬ್ರವರಿ ಅಪ್‌ಡೇಟ್ಸ್ ಆ್ಯಂಡ್ ನೋಟ್ಸ್ ಅಂತ ಅದರ ಹೆಸರು. ಮೊದಲ ಸೆಮಿಸ್ಟರಿನ ಅಂಕ, ಹೊಸ ವಿಷಯ ಎಲ್ಲ ಅದರಲ್ಲೇ ತುಂಬಬೇಕು. ಕೆಲವು ಕಾಲೇಜುಗಳು ಒಂದು ಪತ್ರ ಕಳಿಸಿ ಅನ್ನುತ್ತವೆ. ಇನ್ನು ಕೆಲವು, ಶಾಲೆಯಿಂದ ಬರುವ ಮಿಡ್‌ಇಯರ್ ರಿಪೋರ್ಟ್, ಅಂದರೆ ಅರ್ಧ ವರ್ಷದ ಅಂಕಪಟ್ಟಿ, ಸಾಕು, ಬೇರೇನೂ ಕಳಿಸಬೇಡಿ ಎಂದು ನೇರವಾಗಿ ಹೇಳುತ್ತವೆ. ಬೇಡ ಅಂದಮೇಲೆ ಕಳಿಸಬಾರದು. ನಮ್ಮಲ್ಲಿ ಇದು ತುಂಬಾ ಕಷ್ಟದ ಮಾತು, ಯಾಕೆಂದರೆ ಸ್ವಲ್ಪ ಜಾಸ್ತಿ ಮಾಡಿದರೆ ಸ್ವಲ್ಪ ಜಾಸ್ತಿ ಸಿಗುತ್ತದೆ ಎಂದೇ ನಾವು ಬೆಳೆದವರು. ಹೇಳಿದ್ದನ್ನು ಕೇಳದ ಹುಡುಗ ಎಂಬ ಅಭಿಪ್ರಾಯ ಬಂದರೆ ಅದರಿಂದ ಯಾರಿಗೆ ಉಪಕಾರ?

ಪತ್ರ ಬರೆಯಬಹುದು ಎಂದಿದ್ದರೆ, ಆ ಪತ್ರದ ಬಗ್ಗೆ ಒಂದಿಷ್ಟು ಹೇಳುತ್ತೇನೆ. ನಮ್ಮ ಬೀದಿಯ ಹುಡುಗನೊಬ್ಬ ಬರೆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಬರೆದದ್ದು ಎರಡು ಪುಟ. ಚಿಕ್ಕಂದಿನಿಂದ ಈ ಕಾಲೇಜಿನ ಕನಸು, ಇಲ್ಲಿನ ಪ್ರಾಧ್ಯಾಪಕರು ಲೋಕಪ್ರಸಿದ್ಧರು, ಡಿಫರ್ ಆಗಿದ್ದು ಬಹಳ ನೋವಾಯಿತು ಅಂತೆಲ್ಲ. ಓದಿದ ಅವನ ಇಂಗ್ಲಿಷ್ ಟೀಚರ್ ಒಂದೇ ಪ್ರಶ್ನೆ ಕೇಳಿದರಂತೆ: ನವೆಂಬರ್ ಆದಮೇಲೆ ನೀನು ಏನು ಮಾಡಿದೆ?

ಮಾಡಿದ್ದು ಇತ್ತು. ಶಾಲೆಯ ಹಿಂದಿನ ಹಳ್ಳದ ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಅವನು ಅಳೆಯುತ್ತಿದ್ದ. ಇಲ್ಲಿ ಹಿಮ ಬಿದ್ದರೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಕರಗಿ ಹಳ್ಳಕ್ಕೆ ಹೋಗುತ್ತದೆ. ಅರ್ಜಿ ಹಾಕಿದಾಗ ಅಳೆಯಲು ಶುರುಮಾಡಿದ್ದೇನೆ ಅಂತ ಮಾತ್ರ ಬರೆದಿದ್ದ. ಮೊದಲ ಹಿಮ ಬಿದ್ದ ಮೇಲೆ ಉಪ್ಪಿನ ಪ್ರಮಾಣ ಏರಿದ್ದು, ಆ ಗ್ರಾಫನ್ನು ಊರಿನ ಪರಿಸರ ಸಮಿತಿಯ ಸಭೆಗೆ ತೆಗೆದುಕೊಂಡು ಹೋಗಿದ್ದು, ಅಲ್ಲೊಬ್ಬರು ನಿನ್ನ ಮೀಟರು ಸರಿ ಇದೆಯಾ ಎಂದು ಕೇಳಿದಾಗ ಮತ್ತೆ ಹೋಗಿ ಬೇರೆ ಮೀಟರಿನಲ್ಲಿ ಅಳೆದಿದ್ದು, ಇದೆಲ್ಲ ನಡೆದದ್ದು ಆಮೇಲೆ. ಎರಡನೆಯ ಸಲ ಬರೆದ ಪತ್ರ ಒಂದೇ ಪುಟ. ಮೊದಲ ಸಾಲಿನಲ್ಲೇ ಹಳ್ಳ ಬಂತು. ಮೀಟರಿನ ಪ್ರಶ್ನೆಗೆ ಉತ್ತರ ಇರಲಿಲ್ಲ ಎಂಬುದನ್ನೂ ಬರೆದ. ಕೊನೆಗೆ, ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಎಂಬ ಒಂದು ಸಾಲು. ಕಾಲೇಜಿನ ಹೊಗಳಿಕೆ ಪೂರ್ತಿ ಹೋಯಿತು.

ಅವನಿಗೆ ಆ ಕಾಲೇಜು ಸಿಗಲಿಲ್ಲ. ಆದರೂ ಅದು ಸರಿಯಾದ ಪತ್ರ. ಅದೇ ವಿಷಯವನ್ನು ಜನವರಿಯ ಬೇರೆ ಅರ್ಜಿಗಳಲ್ಲೂ ಬರೆದ, ಈಗ ನಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪರಿಸರ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪತ್ರ ಬರೆದರೆ ಸೀಟು ಖಾತ್ರಿ ಎಂದು ಯಾರಾದರೂ, ಅದರಲ್ಲೂ ದುಡ್ಡು ತೆಗೆದುಕೊಂಡು ಸಲಹೆ ಕೊಡುವವರು ಹೇಳಿದರೆ ನಂಬಬೇಡಿ. ಪತ್ರದಿಂದ ಆಗುವುದು ಇಷ್ಟೇ. ಎರಡನೆಯ ಸಲ ಫೈಲು ತೆರೆದವರಿಗೆ ಅದರಲ್ಲಿ ಹೊಸದೊಂದು ಕಾಣುತ್ತದೆ.

ಖಂಡಿತ ಬರುತ್ತೇನೆ ಎಂಬ ಆ ಸಾಲನ್ನು ಒಂದೇ ಕಾಲೇಜಿಗೆ ಬರೆಯಬೇಕು, ಅದೂ ನಿಜವಾಗಿದ್ದರೆ ಮಾತ್ರ. ನಾಲ್ಕು ಕಾಲೇಜಿಗೆ ನೀನೇ ನನ್ನ ಮೊದಲ ಆಯ್ಕೆ ಅಂತ ಬರೆಸುವ ಪೋಷಕರಿದ್ದಾರೆ. ಮಗುವಿನ ಕೈಯಲ್ಲಿ ಸುಳ್ಳು ಬರೆಸಿ ಕಾಲೇಜಿಗೆ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ. ಕಾಲೇಜು ಇಂಥ ಆಸಕ್ತಿಗೆ ಬೆಲೆ ಕೊಡುತ್ತದೋ ಇಲ್ಲವೋ ತಿಳಿಯುವುದಕ್ಕೆ ಒಂದು ದಾರಿ ಇದೆ. ಬಹಳಷ್ಟು ಕಾಲೇಜುಗಳು ಪ್ರತಿವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರಡಿಸುತ್ತವೆ. ಅದರ ಸಿ7 ಪಟ್ಟಿಯಲ್ಲಿ ಅಂಕ, ಪ್ರಬಂಧ, ಶಿಫಾರಸು ಪತ್ರ, ಅಭ್ಯರ್ಥಿಯ ಆಸಕ್ತಿ, ಯಾವುದಕ್ಕೆ ಎಷ್ಟು ತೂಕ ಎಂದು ಗುರುತು ಹಾಕಿರುತ್ತಾರೆ. ಊರಿನಲ್ಲಿ ಕಟ್ ಆಫ್ ಹುಡುಕುವ ಶ್ರದ್ಧೆಯಲ್ಲಿ ಕಾಲು ಭಾಗ ಇದಕ್ಕೆ ಕೊಟ್ಟರೆ ಸಾಕು.

ಅಂಕದ ಮಾತು ಬೇಗ ಮುಗಿಸುತ್ತೇನೆ. ಹನ್ನೆರಡನೆಯ ತರಗತಿಯ ಮೊದಲ ಸೆಮಿಸ್ಟರಿನ ಅಂಕವನ್ನು ಶಾಲೆಯ ಕೌನ್ಸೆಲರ್ ಕಳಿಸುತ್ತಾರೆ. ಅದು ಚೆನ್ನಾಗಿರಬೇಕು. ಡಿಸೆಂಬರಿನ ಬೇಜಾರಿನಲ್ಲಿ ಓದು ಬಿಟ್ಟರೆ ಜನವರಿಯ ಪತ್ರ ಎಷ್ಟು ಚೆನ್ನಾಗಿದ್ದರೂ ನಿಲ್ಲುವುದಿಲ್ಲ. ಕೌನ್ಸೆಲರ್ ಹತ್ತಿರ ಮಗುವೇ ಹೋಗಿ ಮಾತಾಡಲಿ. ಒಬ್ಬ ಕೌನ್ಸೆಲರಿಗೆ 250 ಮಕ್ಕಳು ಇರಬೇಕು ಎಂದು ಅವರ ರಾಷ್ಟ್ರೀಯ ಸಂಘವೇ ಹೇಳುತ್ತದೆ, ದೇಶದ ಸರಾಸರಿ 300ನ್ನೂ ದಾಟಿದೆ. ಅಷ್ಟು ಮಕ್ಕಳ ನಡುವೆ ನಿಮ್ಮ ಮಗುವಿನ ಹೊಸ ಸುದ್ದಿ ಅವರಿಗೆ ತಾನಾಗಿ ತಿಳಿಯುವುದಿಲ್ಲ.

ಇನ್ನು ನಮ್ಮ ಹಳೆಯ ಚಾಳಿ. ಊರಿನಲ್ಲಿ ಯಾವ ಕಚೇರಿಯ ಕೆಲಸವಾದರೂ ಅಲ್ಲಿ ಗೊತ್ತಿರೋರು ಯಾರಿದ್ದಾರೆ ಅಂತಲೇ ಮೊದಲು ಹುಡುಕುತ್ತೇವೆ. ಅಲ್ಲಿ ಅದಕ್ಕೆ ಕಾರಣಗಳಿವೆ, ನಾನು ತಪ್ಪು ಹುಡುಕಲಾರೆ. ಇಲ್ಲಿ ಮಾತ್ರ ಅಪ್ಪ ಅಡ್ಮಿಷನ್ ಆಫೀಸಿಗೆ ಫೋನ್ ಮಾಡುವುದು, ಕಂಪನಿಯ ದೊಡ್ಡವರಿಂದ ಶಿಫಾರಸು ಪತ್ರ ಹಾಕಿಸುವುದು, ಅಲ್ಲಿ ಓದಿದ ಸ್ನೇಹಿತರ ಕೈಯಲ್ಲಿ ಮೇಲ್ ಮಾಡಿಸುವುದು, ಇವೆಲ್ಲ ಮಗುವಿನ ದನಿಯನ್ನು ಮುಚ್ಚುತ್ತವೆ. ಮಗುವನ್ನು ಪಾಠದಲ್ಲಿ ಕಂಡೇ ಇರದ ಉಪಾಧ್ಯಕ್ಷರೊಬ್ಬರ ಪತ್ರದಲ್ಲಿ ಏನಿರಲು ಸಾಧ್ಯ? ಕಾಲೇಜು ಇನ್ನೊಂದು ಶಿಫಾರಸು ಒಪ್ಪುತ್ತದೆ ಅಂದರೆ, ಈ ವರ್ಷ ಪಾಠ ಮಾಡುತ್ತಿರುವ ಟೀಚರ್ ಬರೆಯಲಿ.

ಹಾಗಾದರೆ ಅಪ್ಪ ಅಮ್ಮನಿಗೆ ಕೆಲಸವೇ ಇಲ್ಲವಾ? ತುಂಬಾ ಇದೆ. ಡಿಫರ್ ಬಂದು ಎರಡು ಮೂರು ವಾರದಲ್ಲಿ ರೆಗ್ಯುಲರ್ ಅರ್ಜಿಗಳ ಗಡುವು ಬರುತ್ತದೆ, ಬಹುಪಾಲು ಜನವರಿ ಮೊದಲ ವಾರ. ಅರ್ಲಿ ಡಿಸಿಷನ್‌ನಲ್ಲಿ ಹಾಕಿ ಡಿಫರ್ ಆದರೆ, ಸಿಕ್ಕರೆ ಸೇರಲೇಬೇಕು ಎಂಬ ಕಟ್ಟು ಅಲ್ಲಿಗೆ ಬಿಡುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ. ಬೇಕಿದ್ದರೆ ಬೇರೊಂದು ಕಾಲೇಜಿಗೆ ಅರ್ಲಿ ಡಿಸಿಷನ್ 2, ಅಂದರೆ ಅದೇ ಕಟ್ಟಿನ ಎರಡನೆಯ ಸುತ್ತಿನ ಅರ್ಜಿ, ಹಾಕಬಹುದು. ಅಲ್ಲಿ ಸಿಕ್ಕರೆ ಮಾತ್ರ ಮೊದಲಿನ ಕಾಲೇಜಿನ ಆಸೆ ಬಿಡಬೇಕು. ಈ ತೀರ್ಮಾನಕ್ಕೆ ಮನೆಯ ದುಡ್ಡಿನ ಲೆಕ್ಕ ಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿರುವ, ನೆರವು ಕಳೆದು ನಿಮಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ತೆರೆದು, ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಎಂದು ಮಗುವಿಗೆ ಬಾಯಿಬಿಟ್ಟು ಹೇಳಬೇಕು. ನಮ್ಮ ಮನೆಗಳಲ್ಲಿ ಈ ಮಾತು ಆಡುವುದೇ ಇಲ್ಲ. ಓದು ನೀನು, ದುಡ್ಡು ನಾವು ನೋಡ್ಕೋತೀವಿ ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಏಪ್ರಿಲ್‌ನಲ್ಲಿ ಬಿಲ್ ನೋಡಿದಾಗ ಆ ಪ್ರೀತಿಯೇ ಭಾರವಾಗುತ್ತದೆ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ಮನೆಗಳ ಕಥೆ ಇನ್ನೂ ಬಿಗಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ಕನ್ನಡಿಗರು ಎಷ್ಟೊಂದು ಜನ ಇದ್ದಾರೆ! ಮಕ್ಕಳು ಒಂದನೆಯ ತರಗತಿಯಿಂದ ಇಲ್ಲೇ ಓದಿದರೂ, ಅಪ್ಪ ಅಮ್ಮನ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲೇ ಇರುತ್ತಾರೆ. ಅವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಅವರನ್ನು ವಿದೇಶಿ ವಿದ್ಯಾರ್ಥಿ ಎಂದು ಎಣಿಸುವ ಕಾಲೇಜುಗಳಿವೆ, ಎಣಿಸದ ಕಾಲೇಜುಗಳೂ ಇವೆ. ವಿದೇಶಿ ಎಂದು ಎಣಿಸಿದ ಕಡೆ, ನೆರವು ಕೇಳಿದ್ದೇ ಸೀಟಿನ ತೀರ್ಮಾನಕ್ಕೆ ಅಡ್ಡ ಬರಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಕಡೆ ವಿದೇಶಿಯರಿಗೂ ದುಡ್ಡಿನ ಮಾತು ಬದಿಗಿಟ್ಟು ಅರ್ಜಿ ಓದುತ್ತಾರೆ. ಹೀಗಿರುವಾಗ ಡಿಫರ್ ಆದ ಎಚ್-4 ಮಗುವಿನ ಎದುರು ಪಕ್ಕದ ಮನೆಯ ಸಿಟಿಜನ್ ಮಗುವಿನ ಉದಾಹರಣೆ ಕೊಡಬೇಡಿ. ಇಬ್ಬರೂ ಓಡುತ್ತಿರುವ ದಾರಿ ಬೇರೆ. ತಮ್ಮ ರಾಜ್ಯದಲ್ಲಿ ಎಚ್-4 ಮಕ್ಕಳಿಗೆ ಆ ರಾಜ್ಯದವರಿಗೆ ಇರುವ ಕಡಿಮೆ ಫೀಸು ಅನ್ವಯಿಸುತ್ತದೆಯೇ ಎಂದು ವಿಶ್ವವಿದ್ಯಾಲಯವನ್ನೇ ಬರವಣಿಗೆಯಲ್ಲಿ ಕೇಳಿ ತಿಳಿಯುವುದು ಅಪ್ಪ ಅಮ್ಮನದೇ ಕೆಲಸ.

ನಮ್ಮ ಕನ್ನಡ ಕೂಟಗಳಿಗೂ ಒಂದು ಮಾತು. ಜೂನ್ ತಿಂಗಳಲ್ಲಿ ದೊಡ್ಡ ಕಾಲೇಜಿಗೆ ಹೊರಟ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಒಳ್ಳೆಯದೇ. ಆದರೆ ಮಕ್ಕಳಿಗೆ ನಾವು ಬೇಕಾಗಿರುವುದು ಡಿಸೆಂಬರ್ ಕೊನೆಯಲ್ಲಿ. ಆ ರಜೆಯಲ್ಲಿ ಕಾಲೇಜಿಗೆ ಹೋದ ದೊಡ್ಡ ಮಕ್ಕಳೂ ಮನೆಗೆ ಬಂದಿರುತ್ತಾರೆ, ಅವರಲ್ಲಿ ಡಿಫರ್ ಆಗಿ ಆಮೇಲೆ ಸಿಕ್ಕವರೂ ಇರುತ್ತಾರೆ, ಸಿಗದೆ ಬೇರೆ ಕಡೆ ಚೆನ್ನಾಗಿ ಓದುತ್ತಿರುವವರೂ ಇರುತ್ತಾರೆ. ಒಂದು ಸಂಜೆ ಅವರನ್ನೆಲ್ಲ ಕೂರಿಸಿದರೆ ಸಾಕು. ಒಂದು ಕೋಣೆಯಲ್ಲಿ ಅವರು ಚಿಕ್ಕವರ ಪತ್ರ ಓದಿ, ಇಲ್ಲಿ ನೀನು ಕಾಣಿಸ್ತಿಲ್ಲ, ಇದನ್ನು ತೆಗಿ ಅಂತ ಹೇಳಲಿ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮಂದಿರು ಫೀಸು, ವೀಸಾ, ಗಡುವುಗಳ ಪಟ್ಟಿ ಇಟ್ಟುಕೊಂಡು ಕೂರಲಿ. ನಮ್ಮ ಕೂಟದ ಸಮಿತಿಗೆ ಇದನ್ನು ಬರೆದು ಕೊಟ್ಟಿದ್ದೇನೆ, ಹಾಲ್ ಸಿಗದಿದ್ದರೆ ನಮ್ಮ ಮನೆಯ ಬೇಸ್‌ಮೆಂಟ್ ಇದೆ ಅಂತಲೂ ಹೇಳಿದ್ದೇನೆ.